ರೊಬಸ್ಟಾ ಹೂವಿಗೆ ಚೀಲ ಕಟ್ಟಿ ಜೀವಶಾಸ್ತ್ರ ಕಲಿಸುವುದು: ನನ್ನ ಅನುಭವ

ಪಿಯು ಜೀವಶಾಸ್ತ್ರದಲ್ಲಿ ವಂಶವಾಹಿ, ವರ್ಗೀಕರಣ, ಪರಿಸರ ಮೂರೂ ಬೇರೆ ಬೇರೆ ಅಧ್ಯಾಯಗಳು. ಕೊಡಗಿನಲ್ಲಿ ಪಾಠ ಮಾಡುವವರಿಗೆ ಇವು ಮೂರನ್ನೂ ಒಂದೇ ಕೊಂಬೆಯಲ್ಲಿ ತೋರಿಸುವ ಅನುಕೂಲವಿದೆ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕೇ ಬೇಕು. ಯಾಕೆ ಎಂದು ಕೇಳಿದರೆ ಉತ್ತರ ಜೀನಿನಲ್ಲಿದೆ. ಆ ಪರಾಗ ಬರುವುದು ಹೇಗೆ ಎಂದು ಕೇಳಿದರೆ ಉತ್ತರ ಜೇನಿನಲ್ಲೂ ಗಾಳಿಯಲ್ಲೂ ಇದೆ. ವಿರಾಜಪೇಟೆ ಕಡೆಯ ತೋಟಗಳಲ್ಲಿ ವಿದ್ಯಾರ್ಥಿಗಳೊಂದಿಗೆ ನಾನು ಮಾಡಿಸುವ ಕ್ರಮ ಇದು.

ಮೊದಲನೆಯದು ದಿನದ ಲೆಕ್ಕ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಒಂದರಿಂದ ಒಂದೂವರೆ ಇಂಚು ಬಿದ್ದರೆ, ಅಥವಾ ಅಷ್ಟೇ ನೀರನ್ನು ಸ್ಪ್ರಿಂಕ್ಲರಿನಲ್ಲಿ ಕೊಟ್ಟರೆ, ಎಂಟು-ಹತ್ತು ದಿನದಲ್ಲಿ ಹೂ ಬಿರಿಯುತ್ತದೆ. ಸ್ಪ್ರಿಂಕ್ಲರ್ ಇರುವ ತೋಟವೇ ಒಳ್ಳೆಯದು, ನೀರು ಕೊಟ್ಟ ದಿನ ಖಚಿತವಾಗಿ ಗೊತ್ತಿರುತ್ತದೆ. ಮಳೆ ಕಡಿಮೆಯಾದ ವರ್ಷ ಮೊಗ್ಗು ಅರ್ಧಂಬರ್ಧ ಬಿರಿದು ಒಣಗುತ್ತದೆ, ಅಂಥ ಗಿಡದ ಲೆಕ್ಕ ನಂಬುವಂತಿಲ್ಲ. ಆರನೆಯ ದಿನದಿಂದ ದಿನವೂ ನೋಡಬೇಕು. ಮೊಗ್ಗು ಬೆಳ್ಳಗೆ ಉದ್ದವಾಗಿ ಮೇಣದ ಬತ್ತಿಯಂತೆ ನಿಂತಿತೆಂದರೆ ಮಾರನೆಯ ಬೆಳಗಿನ ಜಾವಕ್ಕೆ ಬಿರಿಯುತ್ತದೆ. ಹೊರಗಿನ ಪರಾಗ ತಾಗದಂತೆ ಕೊಂಬೆಗೆ ಹಾಕುವ ಚೀಲವನ್ನು ಅದಕ್ಕೂ ಮೊದಲೇ ಕಟ್ಟಿರಬೇಕು.

ಐದು ಗಿಡ, ಗಿಡಕ್ಕೆ ಐದು ಕೊಂಬೆ. ಪ್ರತಿ ಕೊಂಬೆಯಲ್ಲಿ ಮೂರು ಗಿಣ್ಣು ಉಳಿಸಿಕೊಂಡು, ಗಿಣ್ಣಿಗೆ ಇಪ್ಪತ್ತು ಮೊಗ್ಗು ಬಿಟ್ಟು ಮಿಕ್ಕವನ್ನು ಉಗುರಿನಿಂದ ತೆಗೆಯಿರಿ. ಕೊಂಬೆಗೆ 60, ಒಟ್ಟು 1,500 ಮೊಗ್ಗು. ಕೆಂಜಿಗದ ಗೂಡಿರುವ ಗಿಡ ಬೇಡ. ಒಂದನೇ ಕೊಂಬೆಯನ್ನು ಹಾಗೇ ತೆರೆದಿಡಿ. ಎರಡನೆಯದಕ್ಕೆ ಚೀಲ ಕಟ್ಟಿ ಮುಟ್ಟಬೇಡಿ. ಮೂರನೆಯದಕ್ಕೆ ಚೀಲ ಕಟ್ಟಿ, ಹೂ ಬಿರಿದ ಮೇಲೆ ಅದೇ ಗಿಡದ ಪರಾಗ ಹಚ್ಚಿ. ನಾಲ್ಕನೆಯದಕ್ಕೆ ಚೀಲ ಕಟ್ಟಿ, ಬೇರೆ ಗಿಡದ ಪರಾಗ ಹಚ್ಚಿ. ಐದನೆಯದಕ್ಕೆ ಸೊಳ್ಳೆಪರದೆಯ ಬಲೆ ಸುತ್ತಿ. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬಿಡಬಾರದು. ಬಲೆಯೊಳಗೆ ಜೇನು ಹೋಗದು, ಗಾಳಿಯಲ್ಲಿ ತೇಲುವ ಪರಾಗ ಹೋಗುತ್ತದೆ. ರೊಬಸ್ಟಾ ಪರಾಗ ಹಗುರ, ಗಾಳಿಯೂ ಅದನ್ನು ಹೊರುತ್ತದೆ. ಒಂದನೇ ಮತ್ತು ಐದನೇ ಕೊಂಬೆಯ ನಡುವಿನ ವ್ಯತ್ಯಾಸವೇ ಕೀಟಗಳ ಪಾಲು.

ಕೆಲಸ ಕೆಡುವುದು ಬಹುಪಾಲು ಚೀಲದಲ್ಲೇ. ಪ್ಲಾಸ್ಟಿಕ್ ಚೀಲದೊಳಗೆ ಬಿಸಿಯೂ ತೇವವೂ ತುಂಬಿ ಹೂ ಕೊಳೆಯುತ್ತದೆ. ಗಾಯಕ್ಕೆ ಕಟ್ಟುವ ತೆಳು ಬಟ್ಟೆಯ ಕಣ್ಣಿನಲ್ಲಿ ಪರಾಗ ಸಲೀಸಾಗಿ ನುಸುಳುತ್ತದೆ. ಆಗ ಎರಡನೆಯ ಕೊಂಬೆಯಲ್ಲೂ ಕಾಯಿ ಕಾಣಿಸಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಬಟರ್ ಪೇಪರ್ ಚೀಲ ಸರಿಯಾದದ್ದು, ಆದರೆ ಆ ಬ್ಲಾಕಿನಲ್ಲಿ ಮತ್ತೆ ಸ್ಪ್ರಿಂಕ್ಲರ್ ತಿರುಗಿಸಿದರೆ ಹರಿಯುತ್ತದೆ. ತೋಟದ ಕೆಲಸದ ಉಸ್ತುವಾರಿ ನೋಡುವ ರೈಟರಿಗೆ ಮೊದಲೇ ಹೇಳಿಡಿ. ಚೀಲದ ಬಾಯಿಗೆ ಹತ್ತಿ ಸುತ್ತಿ ದಾರ ಕಟ್ಟಿದರೆ ಕೊಂಬೆಗೆ ಪೆಟ್ಟಾಗದು, ಇರುವೆಯೂ ಒಳಗೆ ಹೋಗದು.

ಪರಾಗ ಹಚ್ಚುವುದು ಬೆಳಗ್ಗೆ ಏಳರಿಂದ ಎಂಟರೊಳಗೆ. ಪರಾಗ ಕೊಡುವ ಕೊಂಬೆಗೂ ಹಿಂದಿನ ದಿನವೇ ಚೀಲ ಕಟ್ಟಿರಬೇಕು. ಇಲ್ಲದಿದ್ದರೆ ಜೇನು ತಂದ ಇನ್ಯಾವುದೋ ಗಿಡದ ಪರಾಗ ಅದರಲ್ಲಿ ಬೆರೆತಿರುತ್ತದೆ. ಬ್ರಷ್ ಬೇಡ. ಹೂವನ್ನೇ ಕಿತ್ತು, ಅದರ ಪರಾಗಕೋಶವನ್ನು ಇನ್ನೊಂದು ಹೂವಿನ ಕವಲೊಡೆದ ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ತುದಿಗೆ) ನೇರವಾಗಿ ಉಜ್ಜಿ. ಮಾರನೆಯ ದಿನ ಇನ್ನೊಮ್ಮೆ. ಹೂ ಕಂದಾದ ಮೇಲೆ, ಅಂದರೆ ಐದಾರು ದಿನ ಬಿಟ್ಟು, ಚೀಲ ಬಿಚ್ಚಿ. ಹೂ ಬಿರಿದ ದಿನವೇ ಮಳೆ ಬಂದರೆ ಆ ಸುತ್ತನ್ನು ಕೈಬಿಡುವುದೇ ಲೇಸು.

ಲೆಕ್ಕ ಹಾಕಲು ಆತುರ ಬೇಡ. ದಳ ಉದುರಿದ ಮೇಲೂ ಫಲವಾಗದ ಅಂಡಾಶಯ ಕೆಲವು ದಿನ ಗಿಣ್ಣಿನಲ್ಲೇ ಹಸಿರಾಗಿ ಕೂತಿರುತ್ತದೆ. ಒಂದು ವಾರಕ್ಕೇ ಎಣಿಸಿದರೆ ಎಲ್ಲ ಕೊಂಬೆಯೂ ಗೆದ್ದಂತೆ ಕಾಣುತ್ತದೆ. ಆರು ವಾರ ಬಿಟ್ಟು ಎಣಿಸಿ, ಮಳೆಗಾಲ ಹಿಡಿದ ಮೇಲೆ ಮತ್ತೊಮ್ಮೆ ಎಣಿಸಿ. 60 ಮೊಗ್ಗಿಗೆ 15 ಕಾಯಿ ನಿಂತರೆ ಶೇ. 25. ನೀರು, ಗೊಬ್ಬರ ಸಾಲದೆ ಉದುರಿದ ಕಾಯಿ ಬೇರೆ, ಪರಾಗ ಸಿಗದೆ ಆಗದ ಕಾಯಿ ಬೇರೆ. ಎರಡು ಎಣಿಕೆಗಳ ನಡುವಿನ ಅಂತರ ಹಾಗೆ ಉದುರಿದ ಕಾಯಿಯ ಲೆಕ್ಕ ಹೇಳುತ್ತದೆ.

ಈಗ ಜೀನಿನ ಪಾಠ. ತನ್ನ ಪರಾಗವನ್ನು ಗುರುತಿಸಿ ತಡೆಯುವ ಎಸ್ ಎಂಬ ಜೀನ್ ನೆಲೆ ರೊಬಸ್ಟಾದಲ್ಲಿದೆ. ಗಿಡದಲ್ಲಿ ಅದರ ಎರಡು ರೂಪಗಳಿರುತ್ತವೆ, ಪರಾಗದ ಪ್ರತಿ ಕಣದಲ್ಲಿ ಒಂದೇ. ಕಣದಲ್ಲಿರುವ ರೂಪ ತಾಯಿ ಗಿಡದಲ್ಲೂ ಇದ್ದರೆ ಪರಾಗನಾಳ ಅಂಡಕದವರೆಗೆ ಬೆಳೆಯದೆ ನಿಂತುಬಿಡುತ್ತದೆ. ಎಸ್1-ಎಸ್2 ಗಿಡಕ್ಕೆ ಎಸ್1-ಎಸ್3 ಗಿಡದ ಪರಾಗ ಬಿದ್ದರೆ ಅರ್ಧ ಕಣಗಳು ಒಗ್ಗುತ್ತವೆ, ಎಸ್3-ಎಸ್4 ಆದರೆ ಎಲ್ಲವೂ. ಹಲಗೆಯ ಮೇಲೆ ಇದನ್ನು ಬರೆಯುವ ಮೊದಲು ಮೂರನೇ ಮತ್ತು ನಾಲ್ಕನೇ ಕೊಂಬೆಗಳನ್ನು ಮಕ್ಕಳ ಕೈಗೆ ಕೊಡುವುದು ನನ್ನ ಪದ್ಧತಿ. ಕಣ್ಣಿಗೆ ಕಂಡಮೇಲೆ ಜೀನ್ ರೂಪಗಳ ಜೋಡಣೆ ತೋರಿಸುವ ಪನೆಟ್ ಚೌಕ ಬಿಡಿಸುವುದು ಅವರಿಗೆ ಸುಲಭ. ಒಂದು ಎಚ್ಚರಿಕೆ: ಒಂದೇ ತಾಯಿಯಿಂದ ಕಸಿ ಮಾಡಿದ ಗಿಡಗಳು ಎಷ್ಟೇ ದೂರವಿದ್ದರೂ ಜೀನಿನ ಲೆಕ್ಕದಲ್ಲಿ ಒಂದೇ ಗಿಡ. ನಾಲ್ಕನೇ ಕೊಂಬೆಗೆ ಅಂಥ ಗಿಡದ ಪರಾಗ ತಂದರೆ ಕಾಯಿ ಕಟ್ಟುವುದಿಲ್ಲ. ಬೀಜದಿಂದ ಎದ್ದ ಹಳೆ ಪೆರಡೇನಿಯ ಅಥವಾ ಎಸ್.274 ಎಂಬ ರೊಬಸ್ಟಾ ತಳಿಯ ಗಿಡ ಆರಿಸಿ.

ಸೋಮವಾರಪೇಟೆ, ಮಡಿಕೇರಿ ಕಡೆಯವರಿಗೆ ಅರೇಬಿಕಾ ಸಿಗುತ್ತದೆ. ಅದಕ್ಕೆ ಚೀಲ ಕಟ್ಟಿ ಸುಮ್ಮನೆ ಬಿಟ್ಟರೂ ಕಾಯಿ ಬರುತ್ತದೆ. ರೊಬಸ್ಟಾದಲ್ಲಿ 22 ವರ್ಣತಂತು, ಅರೇಬಿಕಾದಲ್ಲಿ 44. ರೊಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಆಫ್ರಿಕಾದ ಕಾಡುಕಾಫಿ ಕೂಡಿ ಹುಟ್ಟಿದ್ದು ಅರೇಬಿಕಾ, ಎರಡರ ವರ್ಣತಂತುಗಳೂ ಅದರಲ್ಲಿವೆ. ಅರೇಬಿಕಾದಲ್ಲಿ ಅಡ್ಡತಳಿ ಮಾಡುವುದಿದ್ದರೆ ಹೂ ಬಿರಿಯುವ ಹಿಂದಿನ ದಿನವೇ ಪರಾಗ ಬಿಡುವ ಕೇಸರ ತೆಗೆಯಬೇಕು. ಕೇಸರಗಳು ದಳಕ್ಕೇ ಅಂಟಿರುವುದರಿಂದ ದಳದ ಕೊಳವೆಯನ್ನು ಉಗುರಿನಿಂದ ಎಳೆದರೆ ಜೊತೆಗೇ ಬರುತ್ತವೆ. ರೊಬಸ್ಟಾದಲ್ಲಿ ಈ ತೊಂದರೆಯೇ ಇಲ್ಲ.

ಜೀನ್ ಎಂದಾಗ ಡಿಎನ್‌ಎ ತೋರಿಸಿ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಾಫಿ ಎಲೆ ಅರೆಯಬೇಡಿ, ಅದರ ಪಾಲಿಫಿನಾಲ್‌ಗಳು ಗಾಳಿಗೆ ಕಂದಾಗಿ ಎಲ್ಲ ಕೆಡುತ್ತದೆ. 100 ಗ್ರಾಂ ಕಳಿತ ಬಾಳೆಹಣ್ಣು, 100 ಮಿ.ಲೀ. ನೀರು, ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ದ್ರವ ಸೇರಿಸಿ, ನೊರೆ ಬಾರದಂತೆ ಕಲಸಿ, 60 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಸೋಸಿ. ಫ್ರೀಜರಿನಲ್ಲಿಟ್ಟ ಸ್ಪಿರಿಟನ್ನು ಲೋಟದ ಅಂಚಿನಿಂದ ನಿಧಾನ ಇಳಿಸಿ. ನಡುವಿನ ಪದರದಲ್ಲಿ ಏಳುವ ಬಿಳಿ ಎಳೆಗಳಲ್ಲಿ ಡಿಎನ್‌ಎ ಇದೆ. ಜೊತೆಗೆ ಹಣ್ಣಿನ ಪೆಕ್ಟಿನ್ ಕೂಡ ಇರುತ್ತದೆ, ಅದನ್ನು ಮುಚ್ಚಿಡದೆ ಹೇಳಬೇಕು.

ವರ್ಗೀಕರಣಕ್ಕೆ ಅದೇ ಹೂ ಸಾಕು. ಬಣ್ಣ, ಪರಿಮಳ ನೋಡಿದವರು ಕಾಫಿಯನ್ನು ಮಲ್ಲಿಗೆಯ ಬಳಗ ಎನ್ನುತ್ತಾರೆ. 18ನೇ ಶತಮಾನದ ಆರಂಭದಲ್ಲಿ ಸಸ್ಯಶಾಸ್ತ್ರಜ್ಞ ಆಂಟ್ವಾನ್ ದ ಜುಸ್ಯೂ ಕೂಡ ಹಾಗೇ ಎಣಿಸಿ ಮಲ್ಲಿಗೆಯ ಕುಲದ ಹೆಸರನ್ನೇ ಕೊಟ್ಟಿದ್ದರು. 1753ರಲ್ಲಿ ಲಿನೇಯಸ್ ಕೊಟ್ಟ ಕಾಫಿಯಾ ಅರೇಬಿಕಾ ಎಂಬ ಹೆಸರು ನಿಂತಿತು. ಎರಡೂ ಹೂಗಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿಸಿ. ಮಲ್ಲಿಗೆಯಲ್ಲಿ ಕೇಸರ ಎರಡು, ಅಂಡಾಶಯ ದಳಗಳಿಗಿಂತ ಮೇಲೆ. ಕಾಫಿಯಲ್ಲಿ ಐದು ಅಥವಾ ಹೆಚ್ಚು, ಅಂಡಾಶಯ ಕೆಳಗೆ. ಎದುರುಬದುರು ಎಲೆತೊಟ್ಟುಗಳ ನಡುವೆ ಕಾಂಡಕ್ಕೆ ಅಂಟಿದ ಪುಟ್ಟ ತ್ರಿಕೋನವನ್ನು ಲೆನ್ಸಿನಲ್ಲಿ ತೋರಿಸಿ. ಅದನ್ನು ಹಿಡಿದು ಬೇಲಿಯ ಕಾರೆ ಗಿಡವನ್ನೂ ಅಂಗಳದ ಕೇಪಳವನ್ನೂ ಕಾಫಿಯ ನೆಂಟರೆಂದು ಮಕ್ಕಳೇ ಪತ್ತೆ ಮಾಡುತ್ತಾರೆ.

ಜೇನಿನ ಎಣಿಕೆ ಹೂ ಬಿರಿದ ಎರಡು ದಿನ, ಎಂಟರಿಂದ ಹನ್ನೊಂದರವರೆಗೆ. ಒಂದು ಕೊಂಬೆಯ ಮುಂದೆ ಹತ್ತು ನಿಮಿಷ ಕೂತು ಹೆಜ್ಜೇನು, ತುಡುವೆ, ಮುಜಂಟಿ ಬೇರೆ ಬೇರೆಯಾಗಿ ಬರೆದುಕೊಳ್ಳಿ. ದೇವರಕಾಡಿನ ಅಂಚಿನಲ್ಲೊಂದು, ಹಲಸು-ಅತ್ತಿ-ನಂದಿಯ ಮಿಶ್ರ ನೆರಳಿನಲ್ಲೊಂದು, ಬರೀ ಸಿಲ್ವರ್ ಓಕ್ ನೆರಳಿನಲ್ಲೊಂದು ಜಾಗ ಆರಿಸಿ. ಸುತ್ತಲ ತೋಟಗಳೆಲ್ಲ ಅದೇ ದಿನ ಬಿರಿದಿವೆಯೇ ಎಂಬುದನ್ನೂ ಗುರುತಿಸಿಕೊಳ್ಳಿ. ಒಂದೇ ಮಳೆಗೆ ಇಡೀ ನಾಡು ಬೆಳ್ಳಗಾದರೆ ಇರುವ ಜೇನು ಹಂಚಿಹೋಗುತ್ತದೆ, ಇದನ್ನು ಬರೆಯದಿದ್ದರೆ ನೆರಳಿನ ಹೋಲಿಕೆ ದಾರಿ ತಪ್ಪುತ್ತದೆ. ಹೆಜ್ಜೇನಿನ ಹುಟ್ಟಿ ಇರುವ ಮರದ ಬುಡಕ್ಕೆ ಮಕ್ಕಳನ್ನು ಬಿಡಬೇಡಿ. ಆನೆ ಇಲ್ಲವೆಂದು ತೋಟದವರು ಹೇಳುವ ತನಕ ಬೆಳಗ್ಗೆ ಒಳಗೆ ಹೋಗಬೇಡಿ.

ಹಣ್ಣು ಕೊಯ್ಯುವ ಕಾಲಕ್ಕೆ, ಜನವರಿಯಲ್ಲಿ, ಇನ್ನೊಂದು ಎಣಿಕೆ ಉಳಿದಿದೆ. ಕಾಫಿಯ ಅಂಡಾಶಯದಲ್ಲಿ ಅಂಡಕ ಎರಡು. ಒಂದು ಮಾತ್ರ ಬೀಜವಾದರೆ ದುಂಡನೆಯ ಪೀಬೆರಿ. ಗುರುತು ಹಾಕಿದ ಕೊಂಬೆಗಳ ಹಣ್ಣನ್ನು ಬೇರೆಯಾಗಿ ಕೊಯ್ದು, ಒಡೆದು, ನೂರಕ್ಕೆ ಎಷ್ಟು ಪೀಬೆರಿ ಎಂದು ನೋಡಿ. ಇದಕ್ಕಾಗಿ ಗುರುತು ಮಳೆಗಾಲ ದಾಟಿ ಉಳಿಯಬೇಕು. ದಾರ, ಕಾಗದ ಜುಲೈಗೇ ಕೊಳೆಯುತ್ತವೆ. ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಸಂಖ್ಯೆ ಗೀಚಿ, ತಂತಿಯಲ್ಲಿ ಸಡಿಲವಾಗಿ ಕಟ್ಟಿ. ಆ ಕೊಂಬೆಗಳಿಗೆ ಕಪಾತಿನ ಕತ್ತರಿ ತಾಗದಂತೆ ರೈಟರಿಗೆ ಮತ್ತೊಮ್ಮೆ ನೆನಪಿಸಿ.