ಎರಡು ಸ್ಪೀಕರಿನ ಹಾಡು ಐದು ಸ್ಪೀಕರಿಗೆ ಬಂದಾಗ

ಹಳೇ ರಾಕ್ ಆಲ್ಬಮ್ಮನ್ನು ಸರೌಂಡ್‌ನಲ್ಲಿ (ಕೇಳುವವನ ಸುತ್ತಲೂ ಸ್ಪೀಕರ್ ಇಡುವ ರೀತಿಯಲ್ಲಿ) ಮತ್ತೆ ಮಿಕ್ಸ್ ಮಾಡುವಾಗ, ಅಂದರೆ ಬಿಡಿಯಾಗಿ ರೆಕಾರ್ಡ್ ಆದ ಸದ್ದುಗಳನ್ನು ಹೊಸದಾಗಿ ಸೇರಿಸುವಾಗ, ಎದುರಿಗೆ ಕೂರುವ ಕೇಳುಗರು ಹೊಸಬರಲ್ಲ. ಅವರಿಗೆ ಆ ಆಲ್ಬಮ್ ಬಾಯಿಪಾಠ. ಯಾವ ಸಾಲಿಗೆ ಮೊದಲು ಗಾಯಕ ಉಸಿರು ಎಳೆದುಕೊಳ್ಳುತ್ತಾನೆ, ಎಲ್ಲಿ ಗಿಟಾರಿನ ತಂತಿ ಕಿರ್ ಅನ್ನುತ್ತದೆ, ಎಲ್ಲವೂ ಗೊತ್ತು. ಹಾಡು ಬದಲಾಗಬಾರದು, ಆದರೆ ಹಾಡಿನ ಒಳಗೇ ಹೋಗಿ ಕೂತ ಹಾಗೆ ಕೇಳಬೇಕು. ಅವರ ಆಸೆ ಇಷ್ಟೇ. ಕೆಲಸ ಪೂರ್ತಿ ಇರುವುದೂ ಇದರಲ್ಲೇ.

ನಾನು ಮಾಡಿದ ಆಲ್ಬಮ್ ಕಾರವಾರದ ಹುಡುಗರದ್ದು. 1990ರ ದಶಕದ ಕೊನೆಯಲ್ಲಿ ಗೋವಾಕ್ಕೆ ಹೋಗಿ ರೆಕಾರ್ಡ್ ಮಾಡಿದ್ದು. ಕನ್ನಡದಲ್ಲಿ ಗಟ್ಟಿ ರಾಕ್. ಒಂದು ಹಾಡಿಗೆ ಯಕ್ಷಗಾನದ ಚಂಡೆ. ಮೊದಲು ಕ್ಯಾಸೆಟ್ ಬಂತು, ಆಮೇಲೆ ಒಂದಷ್ಟು ಸಿಡಿ. ಬ್ಯಾಂಡಿನವರು ಈಗ ಬೇರೆ ಬೇರೆ ಉದ್ಯೋಗದಲ್ಲಿದ್ದಾರೆ, ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಅಂಕೋಲೆ, ಕುಮಟೆ, ಹೊನ್ನಾವರದ ಕಡೆ ಈಗಲೂ ಆ ಹಾಡುಗಳನ್ನು ಮೊದಲಿಂದ ಕೊನೆಯವರೆಗೆ ಹೇಳುವವರಿದ್ದಾರೆ. ಅವರಲ್ಲಿ ಕೆಲವರು ಮನೆಯಲ್ಲಿ ಹೋಮ್ ಥಿಯೇಟರ್ ಇಟ್ಟುಕೊಂಡವರು. 'ಇದನ್ನ 5.1ರಲ್ಲಿ ಕೇಳ್ಬೇಕಲ್ಲ ಮಾರಾಯ' ಅಂತ ಮಾತು ತೆಗೆದಿದ್ದು ಅವರೇ. 5.1 ಅಂದರೆ ಐದು ಸ್ಪೀಕರ್, ಜೊತೆಗೆ ಕೆಳದನಿಗೆ ಒಂದು ಸಬ್‌ವೂಫರ್.

ರಾಕ್ ಸಂಗೀತದಲ್ಲಿ ಇದು ಹೊಸ ಆಸೆ ಅಲ್ಲ. ನಾಲ್ಕು ಸ್ಪೀಕರಿನ ಕ್ವಾಡ್ ರೆಕಾರ್ಡುಗಳು 1970ರ ದಶಕದಲ್ಲೇ ಬಂದಿದ್ದವು. ಪಿಂಕ್ ಫ್ಲಾಯ್ಡ್ ಅವರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' 1973ರದ್ದು. ಅದಕ್ಕೆ ಅಲನ್ ಪಾರ್ಸನ್ಸ್ ಮಾಡಿದ ಕ್ವಾಡ್ ಮಿಕ್ಸ್ ಇದೆ, 2003ರಲ್ಲಿ ಜೇಮ್ಸ್ ಗತ್ರಿ ಮಾಡಿದ 5.1 ಮಿಕ್ಸೂ ಇದೆ. ಟೇಪು ಅವೇ, ಕೂರಿಸಿದ ರೀತಿ ಬೇರೆ. ಯಾವುದು ಮೇಲು ಅಂತ ಅಭಿಮಾನಿಗಳು ಇವತ್ತಿಗೂ ವಾದ ಮಾಡುತ್ತಾರೆ. ನನಗೆ ಹೆಚ್ಚು ಕಲಿಸಿದ್ದು ಸ್ಟೀವನ್ ವಿಲ್ಸನ್ ಅವರ ರೀತಿ. ಕಿಂಗ್ ಕ್ರಿಮ್ಸನ್ ತಂಡದ 1969ರ ಮೊದಲ ಆಲ್ಬಮ್ಮನ್ನು 2009ರಲ್ಲಿ ಅವರು ಸರೌಂಡಿಗೆ ತಂದರು. ಅವರ ಪದ್ಧತಿ ಸರಳ. ಮೊದಲು ಹಳೇ ಸ್ಟೀರಿಯೋ ಮಿಕ್ಸನ್ನೇ ಮತ್ತೆ ಕಟ್ಟಬೇಕು. ಅದು ಹಳೆಯದರ ಹಾಗೇ ಕೇಳಿಸಿದ ಮೇಲೆ ಮಾತ್ರ ಹಿಂದಿನ ಸ್ಪೀಕರುಗಳ ಕಡೆ ಕೈ ಹಾಕಬೇಕು. ನಾನೂ ಇದನ್ನೇ ಹಿಡಿದುಕೊಂಡೆ.

ಮೊದಲ ತಲೆನೋವು ಟೇಪು. ರೆಕಾರ್ಡಿಂಗ್ ಆಗಿದ್ದು ಅಡಾಟ್ ಯಂತ್ರದಲ್ಲಿ. ಅದು 1990ರ ದಶಕದ ಡಿಜಿಟಲ್ ರೆಕಾರ್ಡರ್. ನೋಡಲು ವಿಸಿಆರ್ ಇದ್ದ ಹಾಗೆ ಇರುತ್ತದೆ, ಒಳಗೆ ಹಾಕುವುದೂ ಎಸ್-ವಿಎಚ್‌ಎಸ್ ಕ್ಯಾಸೆಟ್ಟೇ. ಒಂದು ಟೇಪಿನಲ್ಲಿ 8 ಟ್ರ್ಯಾಕ್, ಅಂದರೆ ಎಂಟು ಸದ್ದು ಬೇರೆ ಬೇರೆಯಾಗಿ. ಎರಡು ಯಂತ್ರ ಜೋಡಿಸಿ 16 ಟ್ರ್ಯಾಕಿನಲ್ಲಿ ಇವರು ಆಲ್ಬಮ್ ಮುಗಿಸಿದ್ದರು. ಟೇಪುಗಳು ಇಷ್ಟು ವರ್ಷ ಇದ್ದಿದ್ದು ಕಾರವಾರದ ಒಂದು ಮನೆಯ ಗೋದ್ರೇಜ್ ಕಪಾಟಿನಲ್ಲಿ. ಸಮುದ್ರದ ಪಕ್ಕದ ಊರು, ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಟೇಪು ಬಿಟ್ಟೀತೇ? ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆ ಬಿಳಿ ಪುಡಿ.

ಇಂಥ ಟೇಪನ್ನು ಹಾಗೇ ಓಡಿಸಬಾರದು. ಬೂಷ್ಟು ಯಂತ್ರದ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಟೇಪಿಗೂ ದಾಟುತ್ತದೆ. ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಚೆನ್ನಾಗಿ ಒಣಗಿಸಿದೆ. ಆಮೇಲೆ ಕ್ಯಾಸೆಟ್ ಬಿಚ್ಚಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ನೂಲು ಬಿಡದ ಮೆತ್ತನೆ ಬಟ್ಟೆ ತಾಗಿಸುತ್ತ ಕೈಯಲ್ಲೇ ಸುತ್ತಿ ಒರೆಸಿದೆ. ಹಳೇ ಅನಲಾಗ್ ಟೇಪುಗಳನ್ನು ಓವನ್ನಿನಲ್ಲಿ ಸಣ್ಣ ಕಾವಿಗೆ ಇಡುವ ಪದ್ಧತಿ ಒಂದಿದೆ. ಅದು ಅಂಟು ಬಿಟ್ಟು ಜಿಗುಟಾದ ಕೆಲವು ಜಾತಿಯ ಟೇಪಿಗೆ ಮಾತ್ರ ಮದ್ದು. ಬೂಷ್ಟಿಗೆ ಅಲ್ಲ, ಇದಕ್ಕೆ ಹಾಗೆ ಮಾಡಬೇಡಿ.

ಓಡುವ ಯಂತ್ರ ಸಿಕ್ಕಿದ್ದು ಒಂದೇ. ಹಾಗಾಗಿ ಎರಡು ಟೇಪನ್ನು ಬೇರೆ ಬೇರೆಯಾಗಿ, ಆಪ್ಟಿಕಲ್ ಕೇಬಲ್ಲಿನಿಂದ, ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಬಿಡಿ ಅಳತೆ) ದರದಲ್ಲಿ ಕಂಪ್ಯೂಟರಿಗೆ ಇಳಿಸಿದೆ. ಎರಡು ಸಲವೂ ಸ್ಯಾಂಪಲ್ಲಿಗೆ ತಾಳ ಕೊಡುವ ಗಡಿಯಾರದ ಕೆಲಸ ಅದೇ ಯಂತ್ರದ್ದು, ಅದಕ್ಕೇ ವೇಗದಲ್ಲಿ ಹೆಚ್ಚು ಕಮ್ಮಿ ಆಗಲಿಲ್ಲ. ಆದರೆ ಎರಡೂ ಶುರುವಾಗುವ ಜಾಗ ಸೇರಿಸಬೇಕಲ್ಲ? ಎರಡನೇ ಟೇಪಿನಲ್ಲಿ ಹಾಡುಗಾರನ ಗೈಡ್ ಟ್ರ್ಯಾಕ್ (ಉಳಿದವರಿಗೆ ದಾರಿ ತೋರಿಸಲು ಹಾಡಿದ ಕಚ್ಚಾ ಹಾಡು) ಇತ್ತು. ಅವನ ಮೈಕಿನೊಳಗೆ ಡ್ರಮ್ಮರ್ ಕೋಲು ಬಡಿದು ಎಣಿಸುವ ಸದ್ದು ಸಣ್ಣಗೆ ನುಗ್ಗಿತ್ತು. ಮೊದಲ ಟೇಪಿನ ಡ್ರಮ್ ಮೈಕಿನಲ್ಲೂ ಅದೇ ಬಡಿತ. ಎರಡನ್ನೂ ಹತ್ತಿರ ತಂದು ಕೂರಿಸಿದೆ. 1 ಮಿಲಿಸೆಕೆಂಡಿಗೆ 48 ಸ್ಯಾಂಪಲ್. ಸದ್ದು ಅಷ್ಟರಲ್ಲಿ ಓಡುವುದು ಸುಮಾರು 34 ಸೆಂಟಿಮೀಟರ್. ಗಾಯಕ ಡ್ರಮ್ಮಿನಿಂದ ಎಷ್ಟು ದೂರ ನಿಂತಿದ್ದ ಅಂತ ಕೇಳಿಕೊಂಡು ಅಷ್ಟು ಜಾಗ ಬಿಟ್ಟೆ. ಕೆಟ್ಟ ರೆಕಾರ್ಡಿಂಗ್ ಅಂತ ಬೈಯುವ ಇಂಥ ಸೋರಿಕೆಯೇ ಇಲ್ಲಿ ಕೈ ಹಿಡಿಯಿತು.

ಕೋಣೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಶಿರಸಿಯಲ್ಲಿ ನಮ್ಮದು ಹಳೇ ಮನೆ, ಮೇಲಿನ ಮೆತ್ತಿನಲ್ಲಿ ಸ್ಟುಡಿಯೋ. ನೆಲಕ್ಕೆ ಹಲಗೆ, ಮೇಲೆ ಹಂಚು. ಮಳೆಗಾಲದಲ್ಲಿ ಹಂಚಿನ ಮೇಲಿನ ಸದ್ದಿಗೆ ಅಲ್ಲಿ ಮಿಕ್ಸಿಂಗ್ ಆಗದ ಮಾತು. ಜೂನಿನಿಂದ ಹೆಡ್‌ಫೋನ್ ಹಾಕಿಕೊಂಡು ಟೇಪಿನ ಚಿಟಿಚಿಟಿ ತೆಗೆಯುವುದು, ಟ್ರ್ಯಾಕ್ ಹೊಂದಿಸುವುದು ಮಾಡಿದೆ. ನಿಜವಾದ ಮಿಕ್ಸ್ ಮಳೆ ನಿಂತ ಮೇಲೆ. ಗೋಡೆಗೆ ರಾಕ್‌ವುಲ್ (ಸದ್ದು ಹೀರುವ ಕಲ್ಲಿನ ಉಣ್ಣೆ) ತುಂಬಿದ ಮರದ ಚೌಕಟ್ಟು ಮಾಡಿಸಿ, ಅಡಿಕೆ ಚೀಲದ ಗೋಣಿ ಬಟ್ಟೆ ಹೊದೆಸಿದೆ. ಗೋಣಿ ಸದ್ದನ್ನು ಒಳಗೆ ಬಿಡುತ್ತದೆ, ತಡೆಯುವುದಿಲ್ಲ, ಅದಕ್ಕೇ ಇಲ್ಲಿ ಒಳ್ಳೆಯದು. ಸ್ಪೀಕರ್ ಇಡುವುದಕ್ಕೆ ಅಂತರರಾಷ್ಟ್ರೀಯ ಅಳತೆ ಇದೆ. ನಡುವಿನದು ನೇರ ಎದುರಿಗೆ, ಮುಂದಿನ ಎಡ ಬಲ 30 ಡಿಗ್ರಿಗೆ, ಹಿಂದಿನವು ಸುಮಾರು 110 ಡಿಗ್ರಿಗೆ. ಐದೂ ಕೇಳುವವನ ತಲೆಯಿಂದ ಒಂದೇ ದೂರದಲ್ಲಿ. ನಾನು ಕುರ್ಚಿಗೆ ದಾರ ಕಟ್ಟಿ ಅಳೆದೆ. ಆಮೇಲೆ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಸುಯ್ಯನೆ ಸದ್ದು) ಹಾಕಿ ಪ್ರತಿ ಸ್ಪೀಕರನ್ನೂ 79 ಡೆಸಿಬೆಲ್ಲಿಗೆ ತಂದೆ. ಈ ಹೊಂದಾಣಿಕೆ ಇಲ್ಲದೆ ಮಾಡಿದ ಸರೌಂಡ್ ಮಿಕ್ಸ್ ಬೇರೆ ಮನೆಗೆ ಹೋದ ಕೂಡಲೇ ವಾಲುತ್ತದೆ.

ಈಗ ಹಳೇ ಸ್ಟೀರಿಯೋ ಕಟ್ಟುವ ಕೆಲಸ. ಟೇಪಿನಲ್ಲಿ ಇರುವುದು ಬರಿ ಸದ್ದು. ಎಕೋ, ರಿವರ್ಬ್ (ಕೋಣೆಯಲ್ಲಿ ಉಳಿಯುವಂಥ ಗುಂಗು), ಸದ್ದು ಏರಿಸಿ ಇಳಿಸುವ ಫೇಡರ್ ಓಡಿಸಿದ್ದು, ಇದ್ಯಾವುದೂ ಟೇಪಿನಲ್ಲಿ ಇರುವುದಿಲ್ಲ. ಅವೆಲ್ಲ ಮಿಕ್ಸ್ ಮಾಡಿದ ದಿನ ಕನ್ಸೋಲಿನಲ್ಲಿ ಆಗಿ ಹೋದವು. ನನ್ನ ಹತ್ತಿರ ಸಾಕ್ಷಿ ಅಂದರೆ ಸಿಡಿ ಮಾತ್ರ. ಅಂದಿನ ಸ್ಟುಡಿಯೋದಲ್ಲಿ ರಿವರ್ಬ್ ಕೊಡುವ ಯಂತ್ರ ಯಮಾಹಾ ಎಸ್‌ಪಿಎಕ್ಸ್ 90 ಇತ್ತು ಅಂತ ಗಿಟಾರಿಸ್ಟ್ ನೆನಪು ಮಾಡಿಕೊಂಡರು. ಹಳೇದೊಂದನ್ನು ಹುಡುಕಿ ತಂದೆ. ಸ್ನೇರ್ ಡ್ರಮ್ಮಿನ ಬಾಲ ಸಿಡಿಯಲ್ಲಿ ಹೇಗೆ ಸಾಯುತ್ತದೋ ಹಾಗೇ ಸಾಯುವ ತನಕ ಅದರ ಸಮಯ ತಿರುಗಿಸಿದೆ. ಹಾಡನ್ನು ಸಾಲು ಸಾಲಾಗಿ ಕತ್ತರಿಸಿ, ಒಂದು ಸಾಲು ಸಿಡಿಯದ್ದು, ಒಂದು ಸಾಲು ನನ್ನದು, ಹೀಗೆ ಕೇಳುತ್ತ ಹೋದೆ. ಕೆಲವೊಮ್ಮೆ ಸಿಡಿಯ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ ನನ್ನ ಮಿಕ್ಸಿನ ಮೇಲೆ ಹಾಕುತ್ತಿದ್ದೆ. ಎರಡರಲ್ಲೂ ಒಂದೇ ಇರುವುದು ಬಹಳಷ್ಟು ಅಳಿಸಿಹೋಗುತ್ತದೆ, ಬೇರೆ ಇರುವುದು ಮೇಲೆ ತೇಲುತ್ತದೆ. ಹಾಗೆ ತೇಲಿ ಬಂದಿದ್ದು ಒಂದು ಟ್ಯಾಂಬೊರಿನ್. ಎರಡನೇ ಚರಣದಲ್ಲಿ ಮಾತ್ರ ಇದೆ, ತೀರಾ ಸಣ್ಣಗೆ. ಬಾರಿಸಿದವರಿಗೇ ಮರೆತಿತ್ತು. ಅಭಿಮಾನಿಗಳಿಗೆ ಮರೆತಿರಲಿಲ್ಲ.

ಹಿಂದಿನ ಸ್ಪೀಕರುಗಳಿಗೆ ಏನು ಕೊಡಬೇಕು? ಇದಕ್ಕೆ ಹಾಡೇ ಉತ್ತರ ಕೊಡುತ್ತದೆ. ಈ ಬ್ಯಾಂಡಿನಲ್ಲಿ ಕೋರಸ್ ಹಾಡುವವರು ಮೂವರು, ಪ್ರತಿಯೊಬ್ಬರನ್ನೂ ಎರಡು ಸಲ ರೆಕಾರ್ಡ್ ಮಾಡಿದ್ದರು. ಸ್ಟೀರಿಯೋದಲ್ಲಿ ಅವು ಒತ್ತಿಕೊಂಡು ಒಂದೇ ಗೋಡೆಯಾಗಿದ್ದವು. ಎರಡನೇ ಸಲದ್ದನ್ನು ಹಿಂದೆ ಹಾಕಿದ ಕೂಡಲೇ ಒಬ್ಬೊಬ್ಬರ ದನಿಯೂ ಬಿಡಿಸಿಕೊಂಡಿತು. ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ, ಜಾಗ ಕೊಟ್ಟಿದ್ದು ಅಷ್ಟೇ. ಸರೌಂಡಿನ ನಿಜವಾದ ಬಲ ಇದೇ ಅಂತ ನನ್ನ ನಂಬಿಕೆ. ಸದ್ದನ್ನು ತಲೆಯ ಸುತ್ತ ಗಿರಗಿರ ತಿರುಗಿಸುವುದು ಒಂದು ಸಲ ಖುಷಿ ಕೊಡುತ್ತದೆ. ಇನ್ನೂ ಇಪ್ಪತ್ತು ವರ್ಷ ಇದೇ ಆಲ್ಬಮ್ ಕೇಳುವವನಿಗೆ ಅದು ಕಿರಿಕಿರಿ.

ಬದಿಯಲ್ಲಿ ಸದ್ದು ನಿಲ್ಲಿಸುವುದು ಕಷ್ಟ, ಇದು ಗೊತ್ತಿರಲಿ. ಮುಂದಿನ ಎರಡು ಸ್ಪೀಕರಿನ ನಡುವೆ ಇಲ್ಲದ ಸ್ಪೀಕರ್ ಇದ್ದ ಹಾಗೆ ಸದ್ದು ನಿಲ್ಲುತ್ತದೆ, ಯಾಕೆಂದರೆ ಎರಡು ಕಿವಿಗೂ ಸಮನಾಗಿ ತಲುಪುತ್ತದೆ. ಮುಂದಿನ ಎಡಕ್ಕೂ ಹಿಂದಿನ ಎಡಕ್ಕೂ ನಡುವೆ ಹಾಗೆ ಆಗುವುದಿಲ್ಲ. ತಲೆ ಸ್ವಲ್ಪ ತಿರುಗಿದರೂ ಸದ್ದು ಹಿಂದಕ್ಕೋ ಮುಂದಕ್ಕೋ ಜಿಗಿಯುತ್ತದೆ. ಹಾಗಾಗಿ ಮುಖ್ಯ ಗಿಟಾರುಗಳನ್ನು ಮುಂದೆಯೇ ಬಿಟ್ಟು, ಅವುಗಳ ರಿವರ್ಬ್ ಮಾತ್ರ ಹಿಂದೆ ಕಳಿಸಿದೆ. ಹಿಂದಿನ ರಿವರ್ಬಿಗೆ ಬೇರೆ ಘಟಕ, ಬೇರೆ ತಡ. ಮುಂದಿನದ್ದನ್ನೇ ನಕಲು ಮಾಡಿ ಹಿಂದೆ ಹಾಕಿದರೆ ಎರಡೂ ಕಿವಿಯಲ್ಲಿ ಕಾದಾಡಿ ಸದ್ದು ಟೊಳ್ಳಾಗುತ್ತದೆ.

ಗಾಯಕನ ದನಿ ನಡುವಿನ ಸ್ಪೀಕರಿಗೆ ಜಾಸ್ತಿ, ಆದರೆ ಪೂರ್ತಿ ಅಲ್ಲ. ಎಡ ಬಲಕ್ಕೂ ಸ್ವಲ್ಪ ಹಂಚಿದೆ. ಮನೆಗಳಲ್ಲಿ ನಡುವಿನ ಸ್ಪೀಕರ್ ಟಿವಿಯ ಕೆಳಗೆ ಸಿಕ್ಕಿಕೊಂಡಿರುತ್ತದೆ, ಅದರ ಮೇಲೇ ಎಲ್ಲ ಭಾರ ಹಾಕಬಾರದು. ಇನ್ನು '.1' ಅನ್ನುವ ಆ ಕೆಳದನಿಯ ಚಾನೆಲ್. ಅದಕ್ಕೆ ಪ್ಲೇಬ್ಯಾಕಿನಲ್ಲಿ 10 ಡೆಸಿಬೆಲ್ ಹೆಚ್ಚುವರಿ ಬಲ ಇರುತ್ತದೆ. ಸಿನಿಮಾದ ಸಿಡಿಲು ಗುಡುಗಿಗೆ ಮಾಡಿಟ್ಟ ಜಾಗ ಅದು. ಬೇಸ್ ಗಿಟಾರನ್ನು ಅಲ್ಲಿಗೆ ತಳ್ಳಿದರೆ ಸಬ್‌ವೂಫರ್ ಕಮ್ಮಿ ಇಟ್ಟವರ ಮನೆಯಲ್ಲಿ ಬೇಸೇ ಮಾಯ. ನಾನು ಬೇಸನ್ನು ಮುಂದಿನ ಸ್ಪೀಕರುಗಳಲ್ಲೇ ಇಟ್ಟೆ. ಸಣ್ಣ ಸ್ಪೀಕರ್ ಇದ್ದರೆ ರಿಸೀವರ್ ತಾನೇ ಅದನ್ನು ಸಬ್ಬಿಗೆ ದಾಟಿಸುತ್ತದೆ.

ಚಂಡೆಯ ಹಾಡಿಗೆ ಬಹಳ ತಲೆ ಕೆಡಿಸಿಕೊಂಡೆ. ಸ್ಟೀರಿಯೋದಲ್ಲಿ ಚಂಡೆ ಬಲಕ್ಕೆ, ಗಿಟಾರಿನ ಅಡಿಯಲ್ಲಿ ಅರ್ಧ ಮುಚ್ಚಿಹೋಗಿತ್ತು. ಹಿಂದೆ ಹಾಕಿ ನೋಡಿದೆ, ಪೂರ್ತಿ ಬಿಡಿಸಿಕೊಂಡು ಕೇಳಿತು. ಹೊನ್ನಾವರದಿಂದ ಒಬ್ಬರು ಬಂದಿದ್ದರು, ಮೇಳಗಳ ಹಿಂದೆ ತಿರುಗಿದವರು. ಕೇಳಿ, 'ತಮಾ, ಚಂಡೆ ಬೆನ್ನಿಗೆ ಬಡಿದ್ರೆ ಕುಣಿಯೋದು ಯಾರು? ಎದುರಿಗೆ ತಾ' ಅಂದರು. ಆಟ ನೋಡುವವನಿಗೆ ಚಂಡೆ ರಂಗದಿಂದಲೇ ಬರಬೇಕು, ಅವರ ಮಾತು ಖರೆ. ಮತ್ತೆ ಮುಂದೆ ತಂದು, ಗಿಟಾರಿಗಿಂತ ಆಚೆ ಬಲತುದಿಗೆ ಇಟ್ಟೆ. ಬಯಲಾಟದಲ್ಲಿ ಆಚೆ ಗುಡ್ಡಕ್ಕೆ ತಾಗಿ ಮರಳುವ ಸದ್ದು ಇರುತ್ತದಲ್ಲ, ಅದನ್ನು ಮಾತ್ರ ಹಿಂದಿನ ಸ್ಪೀಕರಿಗೆ ಕೊಟ್ಟೆ.

ಆಲ್ಬಮ್ ಶುರುವಾಗುವುದು ಕಾರವಾರದ ಟಾಗೋರ್ ಕಡಲತೀರದ ಅಲೆಯಿಂದ. ಐದು ಸ್ಪೀಕರಿಗೂ ಅಲೆ ತುಂಬಿಸುವುದು ಸುಲಭ. ಆದರೆ ಹಾಗೆ ಕೇಳುವವನು ದಂಡೆಯಲ್ಲಿ ಇರುವುದಿಲ್ಲ, ನೀರಿನ ನಡುವೆ ಇರುತ್ತಾನೆ. ಕಡಲು ಮುಂದೆಯೇ ಇರಲಿ ಅಂತ ಬಿಟ್ಟೆ. ಆ ರೆಕಾರ್ಡಿಂಗಿನ ಉದ್ದದ ಮೂಲ ಟೇಪು ಸಿಕ್ಕಿತ್ತು, ಅದರಲ್ಲಿ ಮೈಕನ್ನು ದಡದ ಕಡೆ ತಿರುಗಿಸಿದ ಒಂದು ತುಂಡು ಇದೆ. ಗಾಳಿ ಮರಗಳ ಸುಯ್ಯನೆ ಸದ್ದು, ಕಾಗೆ, ದೂರದ ಹೆದ್ದಾರಿ. ಅದು ಬೆನ್ನ ಹಿಂದೆ ಹೋಯಿತು. ಹೊಸದಾಗಿ ಹೋಗಿ ರೆಕಾರ್ಡ್ ಮಾಡಿ ತಾ ಅಂದವರಿದ್ದರು. ಒಪ್ಪಲಿಲ್ಲ. ಅಂದಿನ ಸದ್ದಿಗೆ ಇಂದಿನದ್ದು ಬೆರೆಸಿದರೆ ಅದು ಬೇರೆ ಆಲ್ಬಮ್ ಆಗುತ್ತದೆ.

ಕೇಳುಗರನ್ನು ಮೆತ್ತಿಗೆ ಕರೆದು ಕೂರಿಸಿದಾಗ ಜಾಸ್ತಿ ಚರ್ಚೆ ಆಗಿದ್ದು ಫೇಡ್ ಬಗ್ಗೆ. ಕೊನೆಯ ಹಾಡು ಸಿಡಿಯಲ್ಲಿ ಸಣ್ಣಗಾಗುತ್ತ ಮುಗಿಯುತ್ತದೆ. ಟೇಪಿನಲ್ಲಿ ಗಿಟಾರ್ ಇನ್ನೂ ಓಡುತ್ತದೆ, ತುಂಬ ಚೆಂದದ ತುಣುಕು. ಅದನ್ನು ಕೇಳಿದ ಮೇಲೆ ಅರ್ಧ ಜನ ಹಾಕು ಅಂದರು, ಅರ್ಧ ಜನ ಬೇಡ ಅಂದರು. ನಾನು ಫೇಡನ್ನು ಹಳೇ ಜಾಗದಲ್ಲೇ ಇಟ್ಟೆ. ಉಳಿದಿದ್ದನ್ನು ಬೇರೆ ಫೈಲಾಗಿ ಕೊಟ್ಟೆ. ಆಲ್ಬಮ್ ಎಲ್ಲಿ ಮುಗಿಯಬೇಕು ಅಂತ ನಿರ್ಧಾರ ಮಾಡಿದ್ದು ಬ್ಯಾಂಡು, ಅದನ್ನು ತಿದ್ದುವ ಹಕ್ಕು ನನಗಿಲ್ಲ.

ಈ ಕೆಲಸಕ್ಕೆ ಇಳಿಯುವವರು ಫೈಲ್ ಕಳಿಸುವ ಮೊದಲು ಚಾನೆಲ್ಲುಗಳ ಸಾಲು ನೋಡಿಕೊಳ್ಳಿ. ಎಡ, ಬಲ, ನಡು, ಕೆಳದನಿ, ಹಿಂದಿನ ಎಡ, ಹಿಂದಿನ ಬಲ ಅನ್ನುವುದು ಒಂದು ಕ್ರಮ. ಎಡ, ನಡು, ಬಲ ಅಂತ ಶುರುವಾಗುವ ಕ್ರಮವೂ ಇದೆ. ಅದಲು ಬದಲಾದರೆ ಗಾಯಕ ಬಲಗಡೆ ಹೋಗಿ ನಿಲ್ಲುತ್ತಾನೆ. ನಾನು ಪ್ರತಿ ಫೈಲಿನ ಜೊತೆ ಪರೀಕ್ಷೆಯ ತುಣುಕೊಂದನ್ನು ಕಳಿಸುತ್ತೇನೆ. 'ಮುಂದಿನ ಎಡ', 'ನಡು' ಅಂತ ನನ್ನದೇ ದನಿ ಆಯಾ ಸ್ಪೀಕರಿನಿಂದ ಬರಬೇಕು. ಐದನ್ನೂ ಎರಡಕ್ಕೆ ಮಡಚಿ ಕೇಳುವುದೂ ಬಿಡಬೇಡಿ. ನಡುವಿನದನ್ನೂ ಹಿಂದಿನವನ್ನೂ 3 ಡೆಸಿಬೆಲ್ ಇಳಿಸಿ ಎಡ ಬಲಕ್ಕೆ ಸೇರಿಸಿದಾಗ ಹಳೇ ಸಿಡಿಯ ಹತ್ತಿರ ಬಂದರೆ ಸರಿ ಇದೆ ಅಂತ.

ಈಗ ಕೆಲವರು ಅಟ್ಮಾಸ್ (ತಲೆಯ ಮೇಲೂ ಸ್ಪೀಕರ್ ಇರುವ ಸರೌಂಡ್) ಬೇಕು ಅನ್ನುತ್ತಿದ್ದಾರೆ, ಆಪಲ್ ಮ್ಯೂಸಿಕ್ 2021ರಲ್ಲಿ ಅದನ್ನು ತಂದ ಮೇಲೆ ಆಸೆ ಜಾಸ್ತಿಯಾಗಿದೆ. ತಲೆಯ ಮೇಲಿನ ಸ್ಪೀಕರಿಗೆ ಈ ಆಲ್ಬಮ್ಮಿನಲ್ಲಿ ಕೊಡುವಂಥದ್ದು ನನಗೆ ಕಾಣಲಿಲ್ಲ, ಇಲ್ಲ ಅಂದಿದ್ದೇನೆ. ಬ್ಯಾಂಡಿನ ಒಂದು ಲೈವ್ ರೆಕಾರ್ಡಿಂಗ್ ಇದೆ, ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ನುಡಿಸಿದ್ದು. ಅದರ ಟೇಪು ಈಗ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಣಗುತ್ತಿದೆ. ಅದಕ್ಕೆ ಮೇಲಿನ ಸ್ಪೀಕರ್ ಬೇಕಾಗಬಹುದು.