ಹಳೆಯ ಕಾರ್ ಸ್ಟೀರಿಯೊ, ಫೋನ್, ಮಿಕ್ಸಿ ಮಾರುವಾಗ: ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮವರು ಹೆಚ್ಚಾಗಿ ಹಳೆಯ ಹೋಂಡಾ ಅಥವಾ ಟೊಯೋಟಾ ಕೊಳ್ಳುತ್ತಾರೆ. ಇಂಜಿನ್ ಚೆನ್ನಾಗಿರುತ್ತದೆ, ಆದರೆ ಸ್ಟೀರಿಯೊದಲ್ಲಿ ರೇಡಿಯೊ, ಸಿಡಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಮ್ಯಾಪ್ ಕಾಣಲಿ ಎಂದು, ಐಫೋನಿನದನ್ನು ಕಾರಿನ ಪರದೆಯಲ್ಲಿ ತೋರಿಸುವ ಕಾರ್‌ಪ್ಲೇ ಇರುವ ಹೊಸದನ್ನು ಹಾಕಿಸುತ್ತಾರೆ. ಬಿಚ್ಚಿದ ಹಳೆಯದು ಗ್ಯಾರೇಜಿನಲ್ಲಿ ಧೂಳು ಹಿಡಿಯುತ್ತದೆ. ಅದಕ್ಕೂ ಗಿರಾಕಿ ಇದ್ದಾರೆ, ಖಂಡಿತ ಮಾರಬಹುದು.

ಆದರೆ ಕಾರು ಲೀಸ್‌ನದಾದರೆ ಬಿಚ್ಚಿದ ಸ್ಟೀರಿಯೊ ಮಾರಬೇಡಿ. ಅದು ನಿಮ್ಮದಲ್ಲ, ಕಾರು ವಾಪಸ್ ಕೊಡುವಾಗ ಅದನ್ನೇ ಕೂರಿಸಿ ಕೊಡಬೇಕು. ಸ್ವಂತ ಕಾರನ್ನೇ ಇನ್ನೆರಡು ವರ್ಷದಲ್ಲಿ ಮಾರುವ ಯೋಚನೆ ಇದ್ದರೂ ಹಳೆಯದನ್ನು ಎತ್ತಿಡಿ. ಆಮೇಲೆ ಅದನ್ನು ಕಾರಿಗೆ ಹಾಕಿ, ಹೊಸದನ್ನು ಬೇರೆಯಾಗಿ ಮಾರಿದರೆ ಲಾಭ ಜಾಸ್ತಿ.

ಊರಿಗೆ ಒಯ್ಯುವ ಯೋಚನೆಯೂ ಕೆಲವರಿಗೆ ಬರುತ್ತದೆ. ಅಮೆರಿಕದ ರೇಡಿಯೊ ಎಫ್‌ಎಂನಲ್ಲಿ 101.1, 101.3, 101.5 ಎಂದು 0.2ರ ಹೆಜ್ಜೆಯಲ್ಲಿ ಓಡುತ್ತದೆ. ಹಾಗಾಗಿ ಬೆಂಗಳೂರಿನ ಕಾಮನಬಿಲ್ಲು 101.3 ಸಿಗುತ್ತದೆ, 104 ಸರಿಯಾಗಿ ಸಿಗುವುದಿಲ್ಲ. ಎಎಂನಲ್ಲಿ ಇಲ್ಲಿಯದು 10 ಕಿಲೊಹರ್ಟ್ಸ್ ಹೆಜ್ಜೆ, ನಮ್ಮಲ್ಲಿಯದು 9. ಬೆಂಗಳೂರು ಆಕಾಶವಾಣಿಯ 612 ಹುಡುಕಿದರೆ ಅದು 610ಕ್ಕೆ ನಿಲ್ಲುತ್ತದೆ. ಕಾರಿನ ಜೊತೆ ಬರದ, ಹೊರಗಿನ ಕಂಪನಿಗಳ ಎಷ್ಟೋ ಸ್ಟೀರಿಯೊಗಳ ಸೆಟ್ಟಿಂಗ್‌ನಲ್ಲಿ ದೇಶ ಬದಲಿಸಬಹುದು. ಅದಿಲ್ಲದಿದ್ದರೆ ಇಲ್ಲೇ ಮಾರಿಬಿಡಿ.

ಬಿಚ್ಚುವ ಮೊದಲೇ ವಿಡಿಯೊ ತೆಗೆಯಿರಿ

ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಸ್ಟೀರಿಯೊ ಕಾರಿನಲ್ಲಿ ಇರುವಾಗಲೇ ವಿಡಿಯೊ ಮಾಡಿ. ರೇಡಿಯೊ ಹಾಡಲಿ, ಸಿಡಿ ಒಳಗೆ ಹೋಗಿ ಹೊರಗೆ ಬರಲಿ. ನಾಲ್ಕೂ ಸ್ಪೀಕರ್‌ಗೆ ಒಂದೊಂದಾಗಿ ಸದ್ದು ತಿರುಗಿಸಿ ತೋರಿಸಿ. ಎಲ್ಲ ಬಟನ್ ಒತ್ತಿ. ಬಿಚ್ಚಿದ ಮೇಲೆ ಅದು ಬರೀ ಡಬ್ಬಿ. 12 ವೋಲ್ಟ್ ಕರೆಂಟು, ಸ್ಪೀಕರ್ ಇಲ್ಲದೆ ಪಾರ್ಕಿಂಗ್ ಲಾಟ್‌ನಲ್ಲಿ ಯಾರೂ ಪರೀಕ್ಷೆ ಮಾಡಲಾರರು. ವಿಡಿಯೊ ಇದ್ದರೆ ಕೊಳ್ಳುವವರಿಗೆ ಧೈರ್ಯ, ನಿಮಗೆ ಒಳ್ಳೆಯ ಬೆಲೆ.

ಕೊಳ್ಳುವವರು ಮೊದಲು ಕೇಳುವುದೇ "ನನ್ನ ಕಾರಿಗೆ ಕೂರುತ್ತಾ?" ಎಂದು. ಆದ್ದರಿಂದ ಜಾಹೀರಾತಿನಲ್ಲಿ ಕಾರಿನ ಮಾಡೆಲ್, ವರ್ಷ, ಸ್ಟೀರಿಯೊದ ಮೇಲಿನ ಸ್ಟಿಕ್ಕರ್‌ನಲ್ಲಿರುವ ಪಾರ್ಟ್ ನಂಬರ್ ಬರೆಯಿರಿ. ಅಳತೆಯನ್ನೂ ಹಾಕಿ. ಡಿನ್ ಎಂಬುದು ಕಾರ್ ಸ್ಟೀರಿಯೊಗಳ ಅಳತೆಯ ಮಾನದಂಡ. ಸಿಂಗಲ್ ಡಿನ್ ಅಂದರೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್‌ಗೆ ಎತ್ತರ 100 ಮಿ.ಮೀ. ಟೊಯೋಟಾ ಕಾರಿನ ಜೊತೆಗೇ ಬರುವ ಕೆಲವು ಸ್ಟೀರಿಯೊಗಳು 200 ಮಿ.ಮೀ. ಅಗಲ ಇರುತ್ತವೆ. ಆದ್ದರಿಂದ ಟೇಪು ಹಿಡಿದೇ ಅಳೆಯಿರಿ.

ವೈರ್ ಕತ್ತರಿಸಬೇಡಿ. ಹಿಂದಿನ ಪ್ಲಗ್ ಅನ್ನು ಒತ್ತಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಹೊರಗಿನ ಕಂಪನಿಯ ಸ್ಟೀರಿಯೊ ಮಾರುವಾಗ ಅದರ ವೈರ್ ಹಾರ್ನೆಸ್ (ಪ್ಲಗ್ ಇರುವ ವೈರುಗಳ ಕಟ್ಟು) ಜೊತೆಗೇ ಕೊಡಿ. ಅದರಲ್ಲಿ ಹಳದಿ ವೈರು ಸದಾ ಬ್ಯಾಟರಿಗೆ, ಕೆಂಪು ಕೀ ತಿರುಗಿಸಿದಾಗ ಬರುವ ಕರೆಂಟಿಗೆ, ಕಪ್ಪು ಗ್ರೌಂಡ್‌ಗೆ. ಕತ್ತರಿಸಿದ ವೈರು ನೋಡಿದರೆ ಕದ್ದ ಮಾಲು ಎಂಬ ಅನುಮಾನ ಬರುತ್ತದೆ. ನೀವು ಕೊಳ್ಳುವಾಗಲೂ ಅಷ್ಟೇ, ಅಂಥದ್ದನ್ನು ಮುಟ್ಟಬೇಡಿ.

ಹೋಂಡಾ, ಅಕ್ಯುರಾದ ಹಳೆಯ ಸ್ಟೀರಿಯೊಗಳು ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೇಳುತ್ತವೆ. ಕೋಡ್ ಇಲ್ಲದೆ ಹಾಡುವುದೇ ಇಲ್ಲ. ಅದರ ಚಿಕ್ಕ ಕಾರ್ಡ್ ಮ್ಯಾನುಯಲ್ ಜೊತೆ ಇರಬಹುದು. ಕಳೆದಿದ್ದರೆ ಕಾರಿನ ವಿನ್ ನಂಬರ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ), ಸ್ಟೀರಿಯೊದ ಸೀರಿಯಲ್ ನಂಬರ್ ಕೊಟ್ಟು ಹೋಂಡಾದಿಂದಲೇ ಪಡೆಯಬಹುದು. ಕೋಡ್ ಬರೆದು ಜೊತೆಗೆ ಕೊಡಿ. ಈಚಿನ ಕೆಲವು ಕಾರುಗಳ ಸ್ಟೀರಿಯೊ ತನ್ನದೇ ಕಾರಿಗೆ ಕಟ್ಟುಬಿದ್ದಿರುತ್ತದೆ, ಬೇರೆ ಕಾರಿನಲ್ಲಿ ಏಳುವುದಿಲ್ಲ. ಮೊದಲೇ ವಿಚಾರಿಸಿ.

ಬ್ಲೂಟೂತ್ ಇದ್ದರೆ ನಿಮ್ಮ ಫೋನಿನ ಹೆಸರುಗಳೆಲ್ಲ ಅದರೊಳಗೆ ಕೂತಿರುತ್ತವೆ. ಬಿಚ್ಚುವ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ.

ದುಡ್ಡು ಕೈಗೆ ಬರುವ ತನಕ

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್, ಆಫರ್‌ಅಪ್ ಇಲ್ಲಿ ಎಲ್ಲರೂ ಬಳಸುತ್ತಾರೆ. ಇಬೇಯಲ್ಲಿ ಅದೇ ಪಾರ್ಟ್ ನಂಬರ್ ಹುಡುಕಿ, ಈಗಾಗಲೇ ಮಾರಾಟವಾದವುಗಳ ಬೆಲೆ ನೋಡಿ ದರ ಇಡಿ. ಕೇಳುವ ಬೆಲೆಯನ್ನು ಯಾರು ಎಷ್ಟಾದರೂ ಬರೆಯಬಹುದು, ಅಲ್ವಾ? ಚೌಕಾಸಿ ಇಲ್ಲೂ ಇದೆ. ಬೇಡ ಅನ್ನಿಸಿದರೆ ಬೆಲೆಯ ಪಕ್ಕ "ಫರ್ಮ್" ಎಂದು ಹಾಕಿ.

ಮನೆ ವಿಳಾಸ ಕೊಡಬೇಡಿ. ಹಲವು ಊರುಗಳ ಪೊಲೀಸ್ ಸ್ಟೇಷನ್ ಆವರಣದಲ್ಲಿ ಇಂಥ ವ್ಯವಹಾರಕ್ಕೆಂದೇ ಕ್ಯಾಮೆರಾ ಇರುವ ಜಾಗ ಗುರುತಿಸಿದ್ದಾರೆ. ಹಗಲು ಹೊತ್ತು ಅಲ್ಲಿಗೆ ಬರಹೇಳಿ. ನಗದು ಒಳ್ಳೆಯದು. ಝೆಲ್ (ಬ್ಯಾಂಕ್ ಖಾತೆಯಿಂದ ಖಾತೆಗೆ ದುಡ್ಡು ಕಳಿಸುವ ಸೇವೆ) ಆದರೆ ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ದುಡ್ಡು ಬಂದದ್ದನ್ನು ಕಣ್ಣಾರೆ ನೋಡಿ. ಈಮೇಲ್ ನಂಬಬೇಡಿ. "ನಿಮ್ಮ ಅಕೌಂಟನ್ನು ಬಿಸಿನೆಸ್‌ಗೆ ಬದಲಿಸಬೇಕು, ಜಾಸ್ತಿ ಕಳಿಸಿದ್ದೇವೆ, ಉಳಿದದ್ದು ವಾಪಸ್ ಕಳಿಸಿ" ಎಂಬ ಮೇಲ್ ಮೋಸದ್ದು. ಬ್ಯಾಂಕೇ ಬರೆದುಕೊಡುವ ಕ್ಯಾಷಿಯರ್ಸ್ ಚೆಕ್ ಕೂಡ ಬೇಡ. ಬ್ಯಾಂಕ್ ಮೊದಲು ಹಣ ತೋರಿಸುತ್ತದೆ. ವಾರಗಳಾದ ಮೇಲೆ ಚೆಕ್ ನಕಲಿ ಎಂದು ಗೊತ್ತಾದರೆ ಅಷ್ಟನ್ನೂ ನಿಮ್ಮಿಂದಲೇ ವಸೂಲು ಮಾಡುತ್ತದೆ. "ನೀವು ನಿಜವಾದ ವ್ಯಕ್ತಿಯಾ ಅಂತ ನೋಡಬೇಕು, ಫೋನಿಗೆ ಬಂದ ಆರು ಅಂಕಿ ಹೇಳಿ" ಅಂದರೆ ಹೇಳಲೇಬೇಡಿ. ನಿಮ್ಮ ನಂಬರಿನ ಮೇಲೆ ಅವರು ಬೇರೆ ಖಾತೆ ತೆರೆಯುತ್ತಾರೆ.

ಫೋನ್ ಮಾರುವಾಗ ಕಂತು ಪೂರ್ತಿ ತೀರಿರಬೇಕು. ಐಫೋನ್‌ನಲ್ಲಿ ಫೈಂಡ್ ಮೈ ಆಫ್ ಮಾಡಿ, ಆಂಡ್ರಾಯ್ಡ್‌ನಲ್ಲಿ ಗೂಗಲ್ ಅಕೌಂಟ್ ತೆಗೆದು, ಆಮೇಲೆ ರೀಸೆಟ್ ಮಾಡಿ. ಬರೀ 3ಜಿ ಇರುವ ಫೋನಿಗೆ ಬೆಲೆ ಇಲ್ಲ, 2022ರಲ್ಲೇ ಇಲ್ಲಿನ ದೊಡ್ಡ ಕಂಪನಿಗಳು 3ಜಿ ನಿಲ್ಲಿಸಿವೆ. ಊರಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿನ 120 ವೋಲ್ಟ್‌ಗೆ ಸರಿಯಾಗಿ ಓಡುವುದಿಲ್ಲ, ಹಾಗೆಂದು ಹೇಳದೆ ಯಾರಿಗೂ ಮಾರಬೇಡಿ.

ಎಚ್4 ವೀಸಾದಲ್ಲಿ (ಎಚ್1ಬಿ ಕೆಲಸದ ವೀಸಾದವರ ಗಂಡ, ಹೆಂಡತಿಗೆ ಕೊಡುವಂಥದ್ದು) ಇರುವವರಿಗೆ ಒಂದು ಮಾತು. ನಿಮ್ಮ ಮನೆಯ ಹಳೆಯ ಸಾಮಾನು ಮಾರುವುದು ಬೇರೆ, ಲಾಭಕ್ಕೆಂದು ಕೊಂಡು ಕೊಂಡು ಮಾರುವುದು ಬೇರೆ. ಎರಡನೆಯದು ವ್ಯಾಪಾರ. ಕೆಲಸದ ಪರವಾನಗಿ ಇಲ್ಲದಿದ್ದರೆ ವಕೀಲರನ್ನು ಕೇಳದೆ ಅದಕ್ಕೆ ಕೈ ಹಾಕಬೇಡಿ.

ಮಾರಾಟವಾಗದೆ ಉಳಿದದ್ದನ್ನು ಕಸದ ಡಬ್ಬಿಗೆ ಹಾಕುವಂತಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನಿಗೆ ವಿರುದ್ಧ. ನಿಮ್ಮ ಸಿಟಿಯ ಈ-ವೇಸ್ಟ್ ಕೇಂದ್ರಕ್ಕೆ ಕೊಡಿ. ಬೆಸ್ಟ್ ಬೈ ಅಂಗಡಿಗಳೂ ಹಲವು ವಸ್ತು ತೆಗೆದುಕೊಳ್ಳುತ್ತವೆ, ಏನೇನು ಎಂದು ಮೊದಲು ಕೇಳಿಕೊಂಡು ಹೋಗಿ.