ರೋಟರಿ ಎಂಜಿನ್ ಕೈಕೊಟ್ಟಿದೆಯೇ? ಬಿಚ್ಚುವ ಮೊದಲು ಈ ಕ್ರಮದಲ್ಲಿ ಪರೀಕ್ಷಿಸಿ

ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ಸುತ್ತುವ ಎಂಜಿನ್ನೇ ರೋಟರಿ. ಅಂಥ ಎಂಜಿನ್ನಿದ್ದು ವರ್ಷಗಟ್ಟಲೆ ಶೆಡ್‌ನಲ್ಲಿ ನಿಂತ ಮಾಜ್ದಾ ಆರ್‌ಎಕ್ಸ್-7 ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಎಡವುವುದು ಎರಡು ಕಡೆ. ಸ್ಟಾರ್ಟ್ ಆಗಲಿಲ್ಲ ಎಂದ ಕೂಡಲೇ ‘ಅಪೆಕ್ಸ್ ಸೀಲ್ (ರೋಟರಿನ ಮೂಲೆಯಲ್ಲಿ ಕೂತು ಒತ್ತಡ ಸೋರದಂತೆ ತಡೆಯುವ ಪಟ್ಟಿ) ಹೋಗಿದೆ’ ಎಂದು ತೀರ್ಮಾನಿಸಿ ಎಂಜಿನ್ ಇಳಿಸಿಬಿಡುವವರು ಕೆಲವರು. ಕಂಪ್ರೆಷನ್ನೇ, ಅಂದರೆ ಒಳಗೆ ಅದುಮಿದ ಗಾಳಿಯ ಒತ್ತಡವೇ ಇಲ್ಲದ ಎಂಜಿನ್ನಿಗೆ ಹೊಸ ಪ್ಲಗ್, ಹೊಸ ಕಾಯಿಲ್, ಹೊಸ ಇಂಜೆಕ್ಟರ್ ಎಂದು ದುಡ್ಡು ಸುರಿಯುತ್ತ ಹೋಗುವವರು ಇನ್ನು ಕೆಲವರು. ಎರಡೂ ಪರೀಕ್ಷೆಯ ಕ್ರಮ ತಪ್ಪಿದ್ದರಿಂದ ಆಗುವ ನಷ್ಟ. ಮೊದಲು ಎಂಜಿನ್ನಿನ ಉಸಿರು, ಅಂದರೆ ಕಂಪ್ರೆಷನ್ ನೋಡಬೇಕು, ಆಮೇಲೆ ಕಿಡಿ, ಆಮೇಲೆ ಪೆಟ್ರೋಲ್.

ಕೆಳಗಿನ ಅಳತೆಗಳು ಮುಖ್ಯವಾಗಿ 1985ರಿಂದ 1991ರವರೆಗೆ ಬಂದ ಎರಡನೇ ತಲೆಮಾರಿನ ಆರ್‌ಎಕ್ಸ್-7ರ, ಅಂದರೆ ಎಫ್‌ಸಿ ಮಾದರಿಯ 13ಬಿ ಎಂಜಿನ್ನಿಗೆ ಸಂಬಂಧಿಸಿದವು. ಮೊದಲ ತಲೆಮಾರಿನ ಕಾರ್ಬ್ಯುರೇಟರ್ ಇರುವ 12ಎ ಎಂಜಿನ್ನಿಗೂ ಕ್ರಮ ಇದೇ.

ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಲೆಕ್ಕ ಒಂದಿದೆ. ಈ ಎಂಜಿನ್ನುಗಳಲ್ಲಿ ಎರಡು ರೋಟರ್, ಒಂದೊಂದು ರೋಟರಿಗೂ ಮೂರು ಮುಖ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಹಾಗಾಗಿ ಶಾಫ್ಟಿನ ಪ್ರತಿ ಸುತ್ತಿಗೆ ಪ್ರತಿ ರೋಟರಿನ ಒಂದು ಮುಖ ಕಂಪ್ರೆಷನ್‌ಗೆ ಬರುತ್ತದೆ. ಮೂರು ಮುಖವನ್ನೂ ನೋಡಬೇಕೆಂದರೆ ಶಾಫ್ಟನ್ನು ಮೂರು ಸುತ್ತು ತಿರುಗಿಸಲೇಬೇಕು.

ಕೈಯಲ್ಲಿ ತಿರುಗಿಸಿ ನೋಡಿ

ನಿಂತ ಕಾರಿಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಬ್ಯಾಟರಿಯ ನೆಗೆಟಿವ್ ತೆಗೆದು, ಗೇರ್ ನ್ಯೂಟ್ರಲ್‌ಗೆ ಹಾಕಿ. ಪ್ರತಿ ರೋಟರಿಗೆ ಎರಡು ಪ್ಲಗ್ ಇರುತ್ತವೆ: ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ನಾಲ್ಕನ್ನೂ ಬಿಚ್ಚಿ, ಮೇಲಿನ ತೂತುಗಳಿಂದ ಒಂದೊಂದು ರೋಟರಿಗೆ ಸುಮಾರು 30 ಮಿ.ಲೀ. ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೇ ಬಿಡಿ. ಕಾರ್ಬನ್ ಹಿಡಿದು ತಮ್ಮ ತೋಡಿನಲ್ಲಿ ಕಚ್ಚಿಕೊಂಡ ಸೀಲುಗಳು ಇದರಿಂದ ಸಡಿಲವಾಗುತ್ತವೆ.

ಮರುದಿನ ಟ್ರೇಲಿಂಗ್ ಪ್ಲಗ್ ಮತ್ತೆ ಹಾಕಿ, ಲೀಡಿಂಗ್ ತೂತು ತೆರೆದೇ ಇರಲಿ. ಶಾಫ್ಟಿನ ಮುಂತುದಿಯ ಬೋಲ್ಟಿಗೆ 19 ಮಿ.ಮೀ. ಸಾಕೆಟ್ ಹಾಕಿ, ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ. ಉಲ್ಟಾ ತಿರುಗಿಸಿದರೆ ಆ ಬೋಲ್ಟೇ ಸಡಿಲವಾಗಬಹುದು. ಸಡಿಲವಾದರೆ ಅದರ ಹಿಂದಿರುವ ಥ್ರಸ್ಟ್ ಬೇರಿಂಗ್ ಜಾಗ ತಪ್ಪಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಮುಂಭಾಗದ ಕವರ್ ಬಿಚ್ಚದೆ ಬೇರೆ ದಾರಿಯಿಲ್ಲ.

ಲೀಡಿಂಗ್ ತೂತಿನ ಹತ್ತಿರ ಕಿವಿಗೊಡಿ. ಮೂರು ಸುತ್ತಿನಲ್ಲಿ ಒಂದೊಂದು ರೋಟರಿನಿಂದ ಮೂರು ಸಲ ‘ಫುಸ್’ ಎಂದು ಗಾಳಿ ಬರಬೇಕು, ಮೂರೂ ಒಂದೇ ಸಮ ಇರಬೇಕು. ಶಾಫ್ಟ್ ಜಗ್ಗದೇ ಹೋದರೆ ಉದ್ದನೆಯ ಪೈಪ್ ಹಾಕಿ ಬಲ ಪ್ರಯೋಗಿಸಬೇಡಿ, ಇನ್ನೂ ಒಂದೆರಡು ದಿನ ಎಣ್ಣೆಯಲ್ಲಿ ನೆನೆಯಲಿ.

ಪೆಟ್ರೋಲ್ ತುಂಬಿಕೊಂಡಿದ್ದರೆ

ಕಂಪ್ರೆಷನ್ ಅಳೆಯುವ ಮೊದಲು ಎಂಜಿನ್ ‘ಫ್ಲಡ್’ ಆಗಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಒಳಗೆ ಪೆಟ್ರೋಲ್ ತುಂಬಿಕೊಂಡರೆ ಅದು ಸೀಲುಗಳ ಮೇಲಿನ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ. ಆಗ ಗಟ್ಟಿಮುಟ್ಟಾದ ಎಂಜಿನ್ನಿನಲ್ಲೂ ಒತ್ತಡ ಬೀಳುತ್ತದೆ. ಲಕ್ಷಣ ಸುಲಭ: ಸೆಲ್ಫ್ ಹೊಡೆದಾಗ ಸದ್ದಿನಲ್ಲಿ ಏರಿಳಿತವಿಲ್ಲದೆ ಒಂದೇ ಸಮನೆ ಗರ್‍ರೆಂದು ಹಗುರವಾಗಿ ಸುತ್ತುತ್ತದೆ, ಪ್ಲಗ್ ತೆಗೆದರೆ ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತದೆ.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಕಾರನ್ನು ನಾಲ್ಕು ಮಾರು ಸರಿಸಿ, ಬಿಸಿಯಾಗುವ ಮೊದಲೇ ಆರಿಸುವುದು ಇದಕ್ಕೆ ಒಂದು ಕಾರಣ. ಹಳೆಯ ಕಾರುಗಳಲ್ಲಿ ಇನ್ನೊಂದಿದೆ. ನಿಂತು ನಿಂತು ಸೋರತೊಡಗಿದ ಇಂಜೆಕ್ಟರ್‌ಗಳು ಎಂಜಿನ್ ಆರಿಸಿದ ಮೇಲೂ ಪೈಪಿನಲ್ಲಿ ಉಳಿದ ಒತ್ತಡಕ್ಕೆ ಹನಿ ಹನಿಯಾಗಿ ಒಳಗೆ ಬಿಡುತ್ತಿರುತ್ತವೆ. ಪದೇ ಪದೇ ಫ್ಲಡ್ ಆದರೆ ಅನುಮಾನ ಇಂಜೆಕ್ಟರ್ ಮೇಲೇ ಹೋಗಲಿ.

ಪರಿಹಾರ ಹೀಗೆ: ಇಜಿಐ, ಅಂದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆಯ ಫ್ಯೂಸ್ ತೆಗೆಯಿರಿ, ಕಿಡಿಯೂ ಪೆಟ್ರೋಲೂ ಎರಡೂ ನಿಲ್ಲುತ್ತವೆ. ಲೀಡಿಂಗ್ ಪ್ಲಗ್ ಎರಡನ್ನೂ ಬಿಚ್ಚಿ, ತೂತಿನ ಎದುರು ದಪ್ಪ ಬಟ್ಟೆ ಹಿಡಿಸಿ, ಎಕ್ಸಲರೇಟರ್ ಪೂರ್ತಿ ಒತ್ತಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಂದು ನಿಮಿಷ ಮೋಟಾರಿಗೆ ಬಿಡುವು ಕೊಟ್ಟು ಮತ್ತೆ ಹೊಡೆಯಿರಿ. ಹೊರಚಿಮ್ಮುವುದು ಪೆಟ್ರೋಲಿನ ಮಂಜು. ಹತ್ತಿರ ಬೆಂಕಿ, ಬಿಸಿ ಬಲ್ಬು, ಸಡಿಲ ವೈರು ಯಾವುದೂ ಇರಕೂಡದು, ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಂತಿರಲಿ. ಮಂಜು ನಿಂತ ಮೇಲೆ ಪ್ರತಿ ರೋಟರಿಗೆ 5ರಿಂದ 10 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು, ನಾಲ್ಕೈದು ಸುತ್ತು ತಿರುಗಿಸಿ, ಒಣಗಿದ ಪ್ಲಗ್ ಹಾಕಿ. ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಅದನ್ನು ಬದಲಾಯಿಸದೆ ಎಂಜಿನ್ ಓಡಿಸಬೇಡಿ.

ಕಂಪ್ರೆಷನ್: ಸಂಖ್ಯೆಗಿಂತ ಏರಿಳಿತ ಮುಖ್ಯ

ರೋಟರಿಗೆಂದೇ ಮಾಡಿದ ಡಿಜಿಟಲ್ ಮೀಟರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಸಾಮಾನ್ಯ ಕಂಪ್ರೆಷನ್ ಗೇಜ್ ಸಾಕು. ಆದರೆ ಅದನ್ನು ಹಾಗೇ ಹಾಕಿದರೆ ಮೋಸ ಹೋಗುತ್ತೀರಿ. ಗೇಜಿನ ಒಳಗಿನ ಚಿಕ್ಕ ವಾಲ್ವ್ ಅತಿ ಹೆಚ್ಚಿನ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರರಲ್ಲಿ ಒಂದು ಮುಖ ಚೆನ್ನಾಗಿದ್ದು ಎರಡು ಸತ್ತಿದ್ದರೂ ಮುಳ್ಳು ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತದೆ. ಆದ್ದರಿಂದ ಏರಿಳಿತ ನೋಡುವಾಗ ಪಕ್ಕದ ಒತ್ತಡ ಬಿಡುವ ಗುಂಡಿಯನ್ನು ಒತ್ತಿ ಹಿಡಿದೇ ಇರಿ.

ಸಾಧ್ಯವಾದರೆ ಎಂಜಿನ್ ಬೆಚ್ಚಗಿರಲಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಇಜಿಐ ಫ್ಯೂಸ್ ಹೊರಗಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಗೇಜನ್ನು ಲೀಡಿಂಗ್ ತೂತಿಗೆ ಹಾಕಿ. ಅದೇ ರೋಟರಿನ ಟ್ರೇಲಿಂಗ್ ಪ್ಲಗ್ ಬಿಗಿಯಾಗಿಯೇ ಇರಬೇಕು. ಸೆಲ್ಫ್ ಹೊಡೆಯುತ್ತ ಮುಳ್ಳನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ, ನಿಧಾನಗತಿಯಲ್ಲಿ ನೋಡಿ. ಮುಳ್ಳಿನ ನೆಗೆತ ಮೂರು ಮೂರರ ಗುಂಪಾಗಿ ಕಾಣುತ್ತದೆ. ಆಮೇಲೆ ಗುಂಡಿ ಬಿಟ್ಟು ಇನ್ನೊಮ್ಮೆ ಸೆಲ್ಫ್ ಹೊಡೆದು ಗರಿಷ್ಠ ಒತ್ತಡ ಬರೆದುಕೊಳ್ಳಿ.

ಕಂಪನಿಯ ಕೈಪಿಡಿ ಹೇಳುವ ಕನಿಷ್ಠ ಮಿತಿ 250 ಆರ್‌ಪಿಎಂನಲ್ಲಿ 85 ಪಿಎಸ್‌ಐ, ಅಂದರೆ ಚದರ ಸೆಂ.ಮೀ.ಗೆ 6 ಕೆ.ಜಿ. ಮುಖ ಮುಖಗಳ ನಡುವಿನ ವ್ಯತ್ಯಾಸ 21 ಪಿಎಸ್‌ಐ ಮೀರಬಾರದು. ಆ 250 ಆರ್‌ಪಿಎಂ ಎಂಬುದನ್ನು ಬಹಳ ಮಂದಿ ಓದಿ ಮರೆಯುತ್ತಾರೆ. ಬ್ಯಾಟರಿ ಸೋತು ಶಾಫ್ಟ್ 180ರಲ್ಲಿ ತಿರುಗಿದರೆ ಒಳ್ಳೆಯ ಎಂಜಿನ್ ಕೂಡ ಫೇಲ್ ಆದಂತೆ ಕಾಣುತ್ತದೆ. ವೇಗ ತಿಳಿಯಲು ಬೇರೆ ಉಪಕರಣ ಬೇಡ: ಶಾಫ್ಟಿನ ಒಂದು ಸುತ್ತಿಗೆ ಒಂದು ನೆಗೆತ. ವಿಡಿಯೊದಲ್ಲಿ ಹತ್ತು ಸೆಕೆಂಡಿನ ನೆಗೆತಗಳನ್ನು ಎಣಿಸಿ ಆರರಿಂದ ಗುಣಿಸಿದರೆ ಆರ್‌ಪಿಎಂ ಸಿಗುತ್ತದೆ. 42 ನೆಗೆತ ಬಂದರೆ ಸುಮಾರು 250.

ಈಗ ಆ ಏರಿಳಿತವನ್ನು ಓದುವುದು. ಒಂದು ನೆಗೆತ ಎತ್ತರ, ಪಕ್ಕಪಕ್ಕದ ಎರಡು ಗಿಡ್ಡ ಎಂದರೆ ಒಂದು ಅಪೆಕ್ಸ್ ಸೀಲ್ ಮುರಿದಿದೆ ಅಥವಾ ಕಚ್ಚಿಕೊಂಡಿದೆ. ಒಂದು ಅಪೆಕ್ಸ್ ಸೀಲ್ ಎರಡು ಕೋಣೆಗಳ ನಡುವಿನ ಗೋಡೆ. ಅದು ಹೋದರೆ ಎರಡೂ ಕೋಣೆ ಸೋರುತ್ತವೆ. ಎರಡು ಎತ್ತರ, ಒಂದೇ ಗಿಡ್ಡ ಎಂದರೆ ಆ ಮುಖದ ಸೈಡ್ ಸೀಲ್ (ರೋಟರಿನ ಪಕ್ಕದ ಬದಿಯ ಪಟ್ಟಿ) ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಇದು ಎಟಿಎಫ್ ನೆನೆಸುವುದಕ್ಕೆ ಬಗ್ಗುವುದುಂಟು, ಎರಡು ಮೂರು ಸಲ ಪ್ರಯತ್ನಿಸದೆ ಎಂಜಿನ್ ಇಳಿಸಬೇಡಿ. ಮೂರೂ ಸಮವಾಗಿದ್ದು ಮೂರೂ ಗಿಡ್ಡವಿದ್ದರೆ ಸವೆತ, ಕಾರ್ಬನ್ ಅಥವಾ ಒಣಗಿದ ಸೀಲು. ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಆಗ ಏರಿದರೆ ಎಂಜಿನ್ ಇನ್ನೂ ಬದುಕಿದೆ ಎನ್ನಬಹುದು, ಆದರೆ ಆ ಏರಿಕೆಯನ್ನೇ ನಿಜವಾದ ಅಳತೆ ಎಂದು ಬರೆದುಕೊಳ್ಳಬಾರದು.

ಕಿಡಿ

ಪ್ಲಗ್‌ಗಳು ನಾಲ್ಕೂ ಒಂದೇ ಅಲ್ಲ. ಎಫ್‌ಸಿಯಲ್ಲಿ ಲೀಡಿಂಗ್‌ಗೆ ಎನ್‌ಜಿಕೆ ಬಿಯುಆರ್7ಇಕ್ಯೂ, ಟ್ರೇಲಿಂಗ್‌ಗೆ ಬಿಯುಆರ್9ಇಕ್ಯೂ ಸರಣಿ. ಅದಲು ಬದಲಾಗಿ ಕೂತಿದ್ದರೂ ಥ್ರೆಡ್ ಹಿಡಿಯುತ್ತದೆ, ಅದೇ ಅಪಾಯ. ವೈರುಗಳಲ್ಲೂ ಒಂದು ಸೂಕ್ಷ್ಮವಿದೆ. ಲೀಡಿಂಗ್ ಕಾಯಿಲ್ ಎರಡೂ ಲೀಡಿಂಗ್ ಪ್ಲಗ್‌ಗಳಿಗೆ ಒಟ್ಟಿಗೇ ಕಿಡಿ ಕೊಡುವುದರಿಂದ ಎಲ್1, ಎಲ್2 (ಒಂದನೇ, ಎರಡನೇ ರೋಟರಿನ ಲೀಡಿಂಗ್ ವೈರು) ಅದಲು ಬದಲಾದರೂ ಎಂಜಿನ್ ಓಡುತ್ತದೆ. ಟ್ರೇಲಿಂಗ್‌ನ ಟಿ1, ಟಿ2 ಬದಲಾದರೆ ಮಿಸ್ ಹೊಡೆಯುತ್ತದೆ, ಸೈಲೆನ್ಸರಿನಲ್ಲಿ ಪಟಾಕಿ ಸದ್ದು ಬರುತ್ತದೆ. 12ಎಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಈ ವಿನಾಯಿತಿ ಇಲ್ಲ, ನಾಲ್ಕೂ ತಮ್ಮ ತಮ್ಮ ಜಾಗದಲ್ಲೇ ಇರಬೇಕು.

ಕಿಡಿ ಬಿದ್ದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದಾಗ ಎಫ್‌ಸಿ ಪುಲ್ಲಿಯ ಹಳದಿ ಗುರುತು ಲೀಡಿಂಗ್‌ಗೆ, ಟಿಡಿಸಿ (ಕಂಪ್ರೆಷನ್ ತುತ್ತತುದಿ ಮುಟ್ಟುವ ಬಿಂದು) ದಾಟಿ 5 ಡಿಗ್ರಿ. ಕೆಂಪು ಗುರುತು ಟ್ರೇಲಿಂಗ್‌ಗೆ, 20 ಡಿಗ್ರಿ. ಟ್ರೇಲಿಂಗ್ ಸತ್ತರೆ ಪಿಕಪ್ ಅಷ್ಟಾಗಿ ಇಳಿಯುವುದಿಲ್ಲ, ಹಾಗಾಗಿ ಗಮನಕ್ಕೇ ಬರುವುದಿಲ್ಲ. ನಾಲ್ಕು ವೈರಿಗೂ ಲೈಟ್ ಹಿಡಿದು ನೋಡಲೇಬೇಕು.

ಪೆಟ್ರೋಲ್: ಎಂಜಿನ್ನನ್ನು ಕೊಲ್ಲುವುದು ಇಲ್ಲಿ

ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ, ತುಕ್ಕು ನೋಡಿ, ಫಿಲ್ಟರ್ ಬದಲಾಯಿಸಿ. ಸ್ಟಾರ್ಟ್ ಮಾಡುವ ಮುಂಚೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ರೈಲಿನ ತುದಿಯಲ್ಲಿ ಒತ್ತಡದ ಏರಿಳಿತ ತಗ್ಗಿಸುವ ಪಲ್ಸೇಷನ್ ಡ್ಯಾಂಪರನ್ನು ಬೆರಳಿನಿಂದ ತಡವಿ. ಅದರ ಒಳಗಿನ ಪೊರೆ ಹರಿದರೆ ಪೆಟ್ರೋಲ್ ನೇರವಾಗಿ ಬಿಸಿ ಎಂಜಿನ್ ಮೇಲೆ ಚಿಮ್ಮುತ್ತದೆ. ಈ ಕಾರುಗಳಲ್ಲಿ ಬೆಂಕಿಗೆ ಗೊತ್ತಿರುವ ಕಾರಣ ಅದು. ತೇವ ಕಂಡರೆ, ವಾಸನೆ ಬಂದರೆ ಬದಲಾಯಿಸಿ. ಗಟ್ಟಿಯಾದ ರಬ್ಬರ್ ಪೈಪುಗಳಿಗೂ ಇದೇ ಮಾತು.

13ಬಿಯಲ್ಲಿ ನಾಲ್ಕು ಇಂಜೆಕ್ಟರ್: ಎರಡು ಪ್ರೈಮರಿ, ಎರಡು ಸೆಕೆಂಡರಿ. ಸೆಕೆಂಡರಿ ಕೆಲಸಕ್ಕಿಳಿಯುವುದು ಲೋಡ್ ಹೆಚ್ಚಾದಾಗ, ಸುಮಾರು 3800 ಆರ್‌ಪಿಎಂ ಹತ್ತಿರ. ನಿಂತ ಕಾರಿನಲ್ಲಿ ಇವೇ ಮೊದಲು ಕಟ್ಟಿಕೊಳ್ಳುತ್ತವೆ. ಎಂಜಿನ್ ಚೆನ್ನಾಗಿ ಐಡಲ್ ಆಗುತ್ತದೆ, ನಿಧಾನಕ್ಕೆ ಓಡಿಸಿದರೆ ಯಾವ ತಕರಾರೂ ಇಲ್ಲ. ಎಕ್ಸಲರೇಟರ್ ಒತ್ತಿದ ದಿನ ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗಿ, ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಶುರುವಾಗಿ, 2 ಮಿ.ಮೀ. ದಪ್ಪದ ಅಪೆಕ್ಸ್ ಸೀಲ್ ಮುರಿಯುತ್ತದೆ. ಟರ್ಬೊ ಇದ್ದರಂತೂ ಕ್ಷಣದ ಮಾತು. ಆದ್ದರಿಂದ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಬೆಂಚಿನ ಮೇಲೆ ತೊಳೆಸಿ, ಹರಿವು ಅಳೆಸಿ. 100 ಮಿ.ಲೀ.ಗೆ ಮೂರ್ನಾಲ್ಕು ಮಿ.ಲೀ.ಗಿಂತ ಹೆಚ್ಚು ವ್ಯತ್ಯಾಸ ಇರುವುದನ್ನು ಮತ್ತೆ ಹಾಕಬೇಡಿ. ಹಾಕುವಾಗ ಓ-ರಿಂಗುಗಳೆಲ್ಲ ಹೊಸವಿರಲಿ. ಹಳೆಯವು ಗಾಳಿ ಎಳೆದುಕೊಂಡರೆ ಐಡಲ್ ಏರಿಳಿಯುತ್ತದೆ.

ಇಂಜೆಕ್ಟರ್ ಸರಿಯಿದ್ದೂ 3800ರಲ್ಲೇ ತಡವರಿಸಿದರೆ ಅರ್ತ್ ವೈರು ನೋಡಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಎಂಜಿನ್ನಿನ ಅರ್ತ್ ಬಿಂದುಗಳನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ ಬಿಗಿದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ನೀರು ಮತ್ತು ಹೊಗೆ

ರೋಟರ್ ಸುತ್ತುವ ಹೌಸಿಂಗ್ ಅಲ್ಯುಮಿನಿಯಂ, ಅದರ ಅಕ್ಕಪಕ್ಕದ ಫಲಕಗಳು ಬೀಡುಕಬ್ಬಿಣ. ಬಿಸಿಗೆ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಒಮ್ಮೆ ಜೋರಾಗಿ ಓವರ್‌ಹೀಟ್ ಆದರೆ ನಡುವಿನ ಕೂಲೆಂಟ್ ಸೀಲ್ ನಜ್ಜಾಗುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಒಂದೇ ರೋಟರ್ ಮೇಲೆ ಕುಂಟಿ, ಬಿಳಿ ಹೊಗೆ ಬಿಟ್ಟು ಆಮೇಲೆ ಸರಿಹೋದರೆ ಅದು ಈ ಸೀಲಿನ ಕೆಲಸ. ಖಚಿತಪಡಿಸಿಕೊಳ್ಳಲು ರಾತ್ರಿ ಕೂಲಿಂಗ್ ವ್ಯವಸ್ಥೆಗೆ 13 ಪಿಎಸ್‌ಐ ಒತ್ತಡ ಕೊಟ್ಟು ಬಿಡಿ. ಬೆಳಗ್ಗೆ ಲೀಡಿಂಗ್ ಪ್ಲಗ್ ತೆಗೆದು ಸೆಲ್ಫ್ ಹೊಡೆಯಿರಿ. ತೂತಿನಿಂದ ಕೂಲೆಂಟ್ ಚಿಮ್ಮಿದರೆ ಎಂಜಿನ್ ಬಿಚ್ಚುವುದೊಂದೇ ದಾರಿ. ಸೋರಿಕೆ ತಡೆಯುವ ಪುಡಿ, ದ್ರವ ಸುರಿದರೆ ರೇಡಿಯೇಟರ್ ಕೂಡ ಕೆಡುತ್ತದೆ.

ಸ್ಟಾರ್ಟ್ ಆದಾಗ ಕೆಲವು ಸೆಕೆಂಡ್ ನೀಲಿ ಹೊಗೆ ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ರೋಟರ್ ಬದಿಯ ಆಯಿಲ್ ರಿಂಗುಗಳ ರಬ್ಬರ್ ಗಟ್ಟಿಯಾಗಿದೆ.

ಆಯಿಲ್ ಮೀಟರಿಂಗ್ ಪಂಪ್

ರೋಟರಿ ಎಂಜಿನ್ ಆಯಿಲ್ ಕುಡಿಯಲೇಬೇಕು. ಅಪೆಕ್ಸ್ ಸೀಲಿಗೆ ಜಿಡ್ಡು ಸಿಗುವುದು ಈ ಪಂಪ್ ಕೊಡುವ ಹನಿಗಳಿಂದ. ಹಳೆಯ ಪ್ಲಾಸ್ಟಿಕ್ ನಳಿಗೆಗಳು ಮುಟ್ಟಿದರೆ ಲಟಕ್ಕೆಂದು ಮುರಿಯುವಷ್ಟು ಒಣಗಿರುತ್ತವೆ, ಬದಲಾಯಿಸಿ. ಹೊಸ ನಳಿಗೆಯಲ್ಲಿ ಆಯಿಲ್ ತುಂಬಿಕೊಳ್ಳಲು ಹೊತ್ತು ಹಿಡಿಯುವುದರಿಂದ ಮೊದಲ ಟ್ಯಾಂಕಿಗೆ ಲೀಟರಿಗೆ 8 ಮಿ.ಲೀ.ನಂತೆ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಬೆರೆಸಿ. 40 ಲೀಟರಿಗೆ 320 ಮಿ.ಲೀ. ಪಂಪ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಗೊತ್ತಾದ ಮೇಲೆ ಅರ್ಧಕ್ಕೆ ಇಳಿಸಬಹುದು. ಆ ಮೊದಲ ಟ್ಯಾಂಕ್ ಮುಗಿಯುವವರೆಗೆ ಆರ್‌ಪಿಎಂ ಮೀಟರಿನ ಮುಳ್ಳನ್ನು 4000 ದಾಟಿಸಬೇಡಿ. ಮುಗಿದ ಮೇಲೆ ಕಂಪ್ರೆಷನ್ ಮತ್ತೊಮ್ಮೆ ಅಳೆದು, ಹಿಂದೆ ಬರೆದಿಟ್ಟ ಸಂಖ್ಯೆಯ ಪಕ್ಕದಲ್ಲೇ ಬರೆದುಕೊಳ್ಳಿ. ಬಹಳ ದಿನ ನಿಂತ ಎಂಜಿನ್ನಿನಲ್ಲಿ ಸೀಲುಗಳು ಮತ್ತೆ ಕೂತಂತೆಲ್ಲ ಆ ಅಂಕಿ ಏರುವುದುಂಟು. ಇಳಿದಿದ್ದರೆ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಮುರಿದ ಸೀಲಿನ ಚೂರು ಹೌಸಿಂಗಿನ ಕ್ರೋಮ್ ಗೀರುವ ಮೊದಲು ಎಂಜಿನ್ ಬಿಚ್ಚಿದರೆ ಹೌಸಿಂಗ್ ಉಳಿಯುತ್ತದೆ.